ನೂರು ದಿನದ ಕೂಲಿ

ಕೇಳುಗರೆಲ್ಲರಿಗೂ ನಮಸ್ಕಾರ.

ಇವತ್ತು ಕ್ಷಮೆಯ ಬಗ್ಗೆ ಮಾತಾಡೋಣ ಅಂತ ಬಂದಿದ್ದೇನೆ. ಆದರೆ ಶುರು ಮಾಡುವುದು ದುಡ್ಡಿನ ಲೆಕ್ಕದಿಂದ. ಯೇಸುಸ್ವಾಮಿ ಕೂಡ ಅಲ್ಲಿಂದಲೇ ಶುರು ಮಾಡಿದ್ದು.

ಶಿಷ್ಯ ಪೇತ್ರ ಒಂದು ದಿನ ಬಂದು ಕೇಳುತ್ತಾನೆ. ನನ್ನ ಸಹೋದರ ನನಗೆ ತಪ್ಪು ಮಾಡುತ್ತಲೇ ಇದ್ದರೆ ಎಷ್ಟು ಸಲ ಕ್ಷಮಿಸಬೇಕು? ಏಳು ಸಲ ಸಾಕಾ? ಪೇತ್ರನನ್ನು ನೋಡಿ ನಗಬೇಡಿ. ಏಳು ಸಲ ಕಮ್ಮಿಯೇನಲ್ಲ. ಒಂದೇ ತಪ್ಪನ್ನು ಮೂರನೇ ಸಲ ಮಾಡಿದವರ ಫೋನನ್ನೇ ನಾವು ಎತ್ತುವುದಿಲ್ಲ, ಅಲ್ವಾ? ಯೇಸುಸ್ವಾಮಿ ಹೇಳಿದರು, ಏಳು ಸಲ ಅಲ್ಲ, ಏಳೆಪ್ಪತ್ತು ಸಲ. ಎಣಿಸುತ್ತಾ ಕೂರಬೇಡ ಅಂತ ಅದರ ತಾತ್ಪರ್ಯ. ಅಷ್ಟಕ್ಕೇ ಬಿಡದೆ ಒಂದು ಕಥೆಯನ್ನೂ ಹೇಳಿದರು. ಬೈಬಲಿನಲ್ಲಿ ಮತ್ತಾಯನ ಸುವಾರ್ತೆಯ 18ನೇ ಅಧ್ಯಾಯದಲ್ಲಿದೆ.

ಒಬ್ಬ ರಾಜ ಲೆಕ್ಕ ನೋಡಲು ಕೂತ. ಹತ್ತು ಸಾವಿರ ತಲಾಂತು ಬಾಕಿ ಇದ್ದ ಒಬ್ಬ ಸೇವಕನನ್ನು ಎಳೆದು ತಂದರು. ಅವನನ್ನೂ ಹೆಂಡತಿ ಮಕ್ಕಳನ್ನೂ ಮಾರಿ ವಸೂಲಿ ಮಾಡಿ ಅಂತ ಅಪ್ಪಣೆಯಾಯಿತು. ಅವನು ಕಾಲಿಗೆ ಬಿದ್ದ. ಸ್ವಲ್ಪ ತಾಳ್ಮೆ ತಂದುಕೊಳ್ಳಿ, ಎಲ್ಲಾ ತೀರಿಸಿಬಿಡುತ್ತೇನೆ ಅಂದ. ರಾಜನಿಗೆ ಮರುಕ ಬಂದು ಅಷ್ಟೂ ಸಾಲ ಬಿಟ್ಟುಬಿಟ್ಟ. ಹೊರಗೆ ಬಂದವನಿಗೆ ಜೊತೆ ಕೆಲಸದವನೊಬ್ಬ ಸಿಕ್ಕಿದ. ಅವನಿಂದ ಇವನಿಗೆ ನೂರು ದಿನಾರಿ ಬರಬೇಕಿತ್ತು. ಕುತ್ತಿಗೆ ಹಿಸುಕಿ ಕೊಡು ಅಂದ. ಅವನೂ ಕಾಲಿಗೆ ಬಿದ್ದು, ಆಗಷ್ಟೇ ಇವನು ರಾಜನ ಮುಂದೆ ಆಡಿದ ಮಾತನ್ನೇ ಆಡಿದ. ಇವನು ಕೇಳಲಿಲ್ಲ. ಸೆರೆಮನೆಗೆ ಹಾಕಿಸಿದ.

ಈಗ ಲೆಕ್ಕ ಮಾಡೋಣ. ಒಂದು ದಿನಾರಿ ಅಂದರೆ ಆಗ ಒಬ್ಬ ಕೂಲಿಯಾಳಿನ ಒಂದು ದಿನದ ಸಂಬಳ. ಒಂದು ತಲಾಂತಿಗೆ ಸುಮಾರು 6,000 ದಿನಾರಿ. ಹಾಗಾದರೆ ಹತ್ತು ಸಾವಿರ ತಲಾಂತು ಅಂದರೆ ಆರು ಕೋಟಿ ದಿನದ ಕೂಲಿ. ವರ್ಷಕ್ಕೆ 300 ದಿನ ದುಡಿದರೂ ತೀರಿಸಲು ಎರಡು ಲಕ್ಷ ವರ್ಷ ಬೇಕು. ಅಂಥವನು ಸ್ವಲ್ಪ ತಾಳ್ಮೆ ತಂದುಕೊಳ್ಳಿ ಅಂತಿದ್ದಾನೆ! ಕೇಳಿದ ಜನ ಅಲ್ಲೇ ನಕ್ಕಿರಬೇಕು.

ಇನ್ನೊಂದು ಕಡೆಯ ಲೆಕ್ಕವನ್ನು ಮಾತ್ರ ನಾವು ಸರಿಯಾಗಿ ನೋಡುವುದಿಲ್ಲ. ನೂರು ದಿನಾರಿ ಅಂದರೆ ಚಿಲ್ಲರೆ ಕಾಸು ಅನ್ನುವ ಹಾಗೆ ಎಷ್ಟೋ ಪ್ರಸಂಗಗಳಲ್ಲಿ ಕೇಳಿದ್ದೇನೆ. ಅದು ತಪ್ಪು. ನೂರು ದಿನದ ಕೂಲಿ ಅಂದರೆ ಮೂರು ತಿಂಗಳಿಗೂ ಮೇಲಿನ ದುಡಿಮೆ. ದಿನಗೂಲಿಯಲ್ಲಿ ಬದುಕುವ ಮನೆಗೆ ಅದು ದೊಡ್ಡ ಮೊತ್ತ. ನಮಗೆ ಬೇರೆಯವರಿಂದ ಆದ ನೋವು ಕೂಡ ಹಾಗೇ. ಅದು ನಿಜವಾದ ನೋವು. ಏನೂ ಆಗಿಲ್ಲ, ಸುಮ್ನೆ ಬಿಟ್ಟುಬಿಡಿ ಅಂತ ಯೇಸುಸ್ವಾಮಿ ಎಲ್ಲೂ ಹೇಳಿಲ್ಲ. ನಿನಗೆ ಬರಬೇಕಾದದ್ದು ನೂರು ದಿನದ ಕೂಲಿ, ಒಪ್ಪಿದೆ. ನಿನಗೆ ಬಿಟ್ಟುಕೊಟ್ಟದ್ದು ಎಷ್ಟು, ಅದನ್ನೂ ಪಕ್ಕದಲ್ಲಿ ಬರೆದುಕೋ ಅಂತ ಹೇಳಿದ್ದಾರೆ.

ಕಥೆಯಲ್ಲಿ ಬಾಯಿಬಿಟ್ಟು ಹೇಳದ ಒಂದು ಮಾತೂ ಇದೆ. ರಾಜ ಸಾಲ ಬಿಟ್ಟ ಕೂಡಲೇ ಆ ದುಡ್ಡು ಎಲ್ಲಿ ಹೋಯಿತು? ಎಲ್ಲೂ ಹೋಗಲಿಲ್ಲ. ಖಜಾನೆಯಲ್ಲಿ ಅಷ್ಟು ಕಮ್ಮಿಯಾಯಿತು, ನಷ್ಟ ರಾಜನ ತಲೆಗೆ ಬಂತು. ಕ್ರೈಸ್ತರು ಕೃಪೆ ಅನ್ನುವುದು ಇದಕ್ಕೇ. ಮನುಷ್ಯರ ಬಾಕಿಯನ್ನು ದೇವರು ತಾನೇ ಶಿಲುಬೆಯ ಮೇಲೆ ಹೊತ್ತುಕೊಂಡರು ಅನ್ನುವುದು ನಮ್ಮ ನಂಬಿಕೆಯ ನಡುಗಂಬ. ಅದನ್ನು ನಂಬುತ್ತೇನೆ ಅಂತ ಭಾನುವಾರ ಹೇಳುವುದು ಸುಲಭ. ಸೋಮವಾರ ಯಾರದೋ ನಷ್ಟವನ್ನು ನಾವು ಹೊರಬೇಕಾಗಿ ಬಂದಾಗ ಕಷ್ಟ ಗೊತ್ತಾಗುತ್ತದೆ.

ಹಾಗೆ ಹೊರುವುದು ಹೇಗೆ ಅನ್ನುವುದಕ್ಕೆ ನನಗೆ ತುಂಬಾ ಇಷ್ಟವಾದ ಒಂದು ಪತ್ರ ಇದೆ. ಬೈಬಲಿನ ಹೊಸ ಒಡಂಬಡಿಕೆಯಲ್ಲಿ, ಯೇಸುಸ್ವಾಮಿಯ ಸುವಾರ್ತೆ ಸಾರುತ್ತಿದ್ದ ಪೌಲ ಫಿಲೆಮೋನನಿಗೆ ಬರೆದದ್ದು. ಒಂದೇ ಅಧ್ಯಾಯ, 25 ವಚನ. ಓದಲು ಐದು ನಿಮಿಷವೂ ಬೇಡ.

ಫಿಲೆಮೋನ ಅನುಕೂಲಸ್ಥ. ಅವನ ಮನೆಯಲ್ಲೇ ಕ್ರೈಸ್ತ ಸಭೆ ಸೇರುತ್ತಿತ್ತು. ಅವನ ಗುಲಾಮ ಒನೇಸಿಮ. ಅವನು ಯಜಮಾನನನ್ನು ಬಿಟ್ಟು ಓಡಿಬಂದವನು ಅಂತ ಹಿಂದಿನಿಂದಲೂ ಓದಿಕೊಂಡು ಬಂದಿದ್ದಾರೆ. ಸೆರೆಯಲ್ಲಿದ್ದ ಪೌಲನ ಹತ್ತಿರ ಬಂದು ಸೇರಿ, ಅಲ್ಲಿ ವಿಶ್ವಾಸಿಯಾದ. ಪೌಲನಿಗೂ ಅವನು ಬೇಕಾಗಿದ್ದ, ಜೊತೆಗೇ ಇಟ್ಟುಕೊಳ್ಳುವ ಆಸೆಯೂ ಇತ್ತು. ಆದರೂ ಯಜಮಾನನಿಗೆ ತಿಳಿಸದೆ ಇಟ್ಟುಕೊಳ್ಳಲಿಲ್ಲ. ಪತ್ರ ಬರೆದು ಕಳಿಸಿದ. ರೋಮನ್ ಕಾನೂನಿನಲ್ಲಿ ಓಡಿಹೋದ ಗುಲಾಮನಿಗೆ ಯಜಮಾನ ಏನು ಶಿಕ್ಷೆ ಬೇಕಾದರೂ ಕೊಡಬಹುದಿತ್ತು. ಒನೇಸಿಮನ ಎದೆ ಹೇಗೆ ಹೊಡೆದುಕೊಂಡಿರಬೇಡ!

ಪತ್ರದ ಮಾತುಗಾರಿಕೆ ನೋಡಿ. ನಿನಗೆ ಅಪ್ಪಣೆ ಮಾಡುವ ಧೈರ್ಯ ನನಗಿದೆ, ಆದರೂ ಪ್ರೀತಿಯಿಂದ ಕೇಳಿಕೊಳ್ಳುತ್ತೇನೆ ಅನ್ನುತ್ತಾನೆ ಪೌಲ. ನಾನೋ ಮುದುಕ, ಮೇಲೆ ಸೆರೆಯಾಳು ಅಂತ ಸೇರಿಸುತ್ತಾನೆ. ಅವನನ್ನು ಇನ್ನು ಗುಲಾಮನ ಹಾಗಲ್ಲ, ಪ್ರಿಯ ತಮ್ಮನ ಹಾಗೆ ಸೇರಿಸಿಕೋ, ನಾನೇ ಬಂದೆ ಅಂದುಕೋ ಅನ್ನುತ್ತಾನೆ. ಆಮೇಲೆ ಮುಖ್ಯವಾದ ಮಾತು. ಅವನು ನಿನಗೇನಾದರೂ ನಷ್ಟ ಮಾಡಿದ್ದರೆ, ಸಾಲ ಇಟ್ಟುಕೊಂಡಿದ್ದರೆ, ಅದನ್ನು ನನ್ನ ಲೆಕ್ಕಕ್ಕೆ ಹಾಕು. ಪೌಲನಾದ ನಾನು ಕೈಯಾರೆ ಬರೆಯುತ್ತಿದ್ದೇನೆ, ನಾನು ತೀರಿಸುತ್ತೇನೆ. ಅದರ ಬೆನ್ನಿಗೇ, ನೀನೇ ನನಗೆ ಋಣಿ ಅನ್ನುವುದನ್ನು ನಾನೇನೂ ಹೇಳುವುದಿಲ್ಲ ಅಂತಾನೆ. ಹೇಳುವುದಿಲ್ಲ ಅಂತ ಹೇಳಿಯೇ ಬಿಟ್ಟ! ಕೊನೆಯಲ್ಲಿ, ನನಗೆ ಉಳಿದುಕೊಳ್ಳಲು ಒಂದು ಕೋಣೆ ಸಿದ್ಧಮಾಡಿಡು ಅಂತ ಬೇರೆ. ಬಂದು ನೋಡುತ್ತೇನೆ, ಏನು ಮಾಡಿದೆ ಅಂತ.

ಒನೇಸಿಮ ಏನೂ ತಪ್ಪು ಮಾಡಿಲ್ಲ ಅಂತ ಪೌಲ ವಾದಿಸಲಿಲ್ಲ. ಫಿಲೆಮೋನನಿಗೆ ಆದ ನಷ್ಟ ನಷ್ಟವೇ ಅಲ್ಲ ಅಂತಲೂ ಅನ್ನಲಿಲ್ಲ. ಬಿಲ್ ನನಗೆ ಕಳಿಸು ಅಂದ. ಇಬ್ಬರ ನಡುವೆ ರಾಜಿ ಮಾಡಿಸುವವರು ಸಾಮಾನ್ಯವಾಗಿ ಒಬ್ಬರಿಗೆ ಸ್ವಲ್ಪ ತಗ್ಗು, ಇನ್ನೊಬ್ಬರಿಗೆ ಸ್ವಲ್ಪ ಬಗ್ಗು ಅಂತ ಬುದ್ಧಿ ಹೇಳಿ ಹೊರಡುತ್ತಾರೆ. ತಮ್ಮ ಜೇಬಿಗೆ ಕೈಹಾಕುವವರು ಎಷ್ಟು ಜನ?

ಈ ಪತ್ರವನ್ನು ಕೆಟ್ಟದಾಗಿ ಬಳಸಿದವರೂ ಇದ್ದಾರೆ. 19ನೇ ಶತಮಾನದ ಅಮೆರಿಕದಲ್ಲಿ ಗುಲಾಮಗಿರಿಯ ಪರ ಇದ್ದ ಕೆಲವರು, ನೋಡಿ, ಪೌಲನೇ ಗುಲಾಮನನ್ನು ವಾಪಸ್ ಕಳಿಸಿದ್ದಾನೆ ಅಂತ ವಾದ ಮಾಡಿದರು. ಗುಲಾಮನ ಹಾಗಲ್ಲ, ತಮ್ಮನ ಹಾಗೆ ಅನ್ನುವ ಸಾಲು ಬಂದಾಗ ಕಣ್ಣು ಮುಚ್ಚಿಕೊಂಡಿದ್ದರೋ ಏನೋ.

ಕ್ಷಮೆ ಸಿಕ್ಕಿದವರ ಕಡೆಗೆ ಈಗ ಬರೋಣ. ಕೃಪೆ ಪುಕ್ಕಟೆ ಅಂದ ಕೂಡಲೇ ಹಳೆಯ ಬಾಕಿಯಿಂದ ಕೈ ತೊಳೆದುಕೊಳ್ಳುವವರಿದ್ದಾರೆ. ದೇವರು ಕ್ಷಮಿಸಿದರಲ್ಲ, ಇನ್ನೇನು ಅಂತ. ಜಕ್ಕಾಯ ಹಾಗೆ ಮಾಡಲಿಲ್ಲ. ಅವನು ಯೆರಿಕೋ ಊರಿನ ಸುಂಕದವರ ಮುಖ್ಯಸ್ಥ, ಜನರಿಂದ ಜಾಸ್ತಿ ಕಿತ್ತು ದುಡ್ಡು ಮಾಡಿದವನು. ಯೇಸುಸ್ವಾಮಿ ಅವನಿಗೆ ಬುದ್ಧಿವಾದ ಏನೂ ಹೇಳಲಿಲ್ಲ. ಇವತ್ತು ನಿನ್ನ ಮನೆಯಲ್ಲಿ ಇರಬೇಕು ಅಂತ ತಾವೇ ಕರೆಸಿಕೊಂಡರು. ಊರಿನ ಜನ ಗೊಣಗಿದರು. ಜಕ್ಕಾಯ ಎದ್ದು ನಿಂತ. ನನ್ನ ಆಸ್ತಿಯಲ್ಲಿ ಅರ್ಧ ಬಡವರಿಗೆ, ಅನ್ಯಾಯವಾಗಿ ಯಾರಿಂದ ತೆಗೆದುಕೊಂಡಿದ್ದರೂ ಅದರ ನಾಲ್ಕರಷ್ಟು ವಾಪಸ್ ಅಂದ. ತಪ್ಪೊಪ್ಪಿಕೊಂಡವನು ಅಸಲಿನ ಜೊತೆ ಐದನೇ ಒಂದು ಪಾಲು ಸೇರಿಸಿ ಕೊಟ್ಟರೆ ಸಾಕು ಅಂತ ಮೋಶೆಯ ಧರ್ಮಶಾಸ್ತ್ರದಲ್ಲಿತ್ತು. ನಾಲ್ಕರಷ್ಟು ಕೊಡಬೇಕಾದದ್ದು ಕುರಿ ಕದ್ದು ಕೊಯ್ದವನು ಅಥವಾ ಮಾರಿದವನು. ಜಕ್ಕಾಯ ತಾನಾಗಿಯೇ ಕಳ್ಳನ ದಂಡ ಹಾಕಿಕೊಂಡ. ಊಟಕ್ಕೆ ಕರೆಸಿಕೊಂಡ ಮೇಲೆ ದಂಡ ಕಟ್ಟಿದ ಅನ್ನುವುದನ್ನು ಗಮನಿಸಿ. ದಂಡ ಕಟ್ಟಿದ್ದಕ್ಕೆ ಸ್ನೇಹ ಸಿಕ್ಕಿದ್ದಲ್ಲ.

ಇನ್ನು ಒಂದು ಗಂಭೀರವಾದ ಮಾತು. ಕ್ಷಮೆಯ ಹೆಸರಿನಲ್ಲಿ ಬಲ ಇಲ್ಲದವರ ಬಾಯಿ ಮುಚ್ಚಿಸುವುದು ನಡೆಯುತ್ತಲೇ ಇದೆ. ದಿನಾ ಹೊಡೆಯುವ ಗಂಡನ ಹತ್ತಿರಕ್ಕೆ, ಕ್ಷಮಿಸಮ್ಮಾ, ಹೋಗಮ್ಮಾ ಅಂತ ಹೆಂಡತಿಯನ್ನು ಸಾಗಹಾಕುವ ಹಿರಿಯರು ಇದ್ದಾರೆ. ಇದು ಸುವಾರ್ತೆಯ ಮಾತಲ್ಲ ಅಂತ ನಾನು ಖಡಾಖಂಡಿತವಾಗಿ ಹೇಳುತ್ತೇನೆ. ನಿನ್ನ ಸಹೋದರ ತಪ್ಪು ಮಾಡಿದರೆ ಅವನನ್ನು ಗದರಿಸು, ಅವನು ಪಶ್ಚಾತ್ತಾಪಪಟ್ಟರೆ ಕ್ಷಮಿಸು ಅಂತ ಲೂಕನ ಸುವಾರ್ತೆಯಲ್ಲಿದೆ. ಗದರಿಸುವ ಕೆಲಸ ಮೊದಲು ಬರುತ್ತದೆ. ಅದನ್ನು ಹೊಡೆಸಿಕೊಂಡವಳ ತಲೆಗೆ ಕಟ್ಟದೆ ಸಭೆಯ ಹಿರಿಯರು ತಾವೇ ಮಾಡಲಿ. ಮನಸ್ಸಿನಲ್ಲಿ ದ್ವೇಷ ಇಟ್ಟುಕೊಳ್ಳದೆಯೂ ದೂರು ಕೊಡಬಹುದು, ದೂರ ಇರಬಹುದು.

ಗ್ಲಾಡಿಸ್ ಸ್ಟೇನ್ಸ್ ಅವರನ್ನು ನೆನಪಿಸಿಕೊಳ್ಳಿ. ಅವರ ಗಂಡ ಗ್ರಹಾಂ ಸ್ಟೇನ್ಸ್ 1965ರಿಂದ ಒಡಿಶಾದಲ್ಲಿದ್ದು ಬಾರಿಪದಾದಲ್ಲಿ ಕುಷ್ಠರೋಗಿಗಳ ನಡುವೆ ಕೆಲಸ ಮಾಡುತ್ತಿದ್ದವರು. 1999ರ ಜನವರಿಯ ಒಂದು ರಾತ್ರಿ ಮನೋಹರಪುರ ಎಂಬ ಹಳ್ಳಿಯಲ್ಲಿ ಅವರನ್ನೂ, ಚಿಕ್ಕ ಗಂಡುಮಕ್ಕಳಾದ ಫಿಲಿಪ್ ಮತ್ತು ತಿಮೋತಿಯನ್ನೂ, ಮಲಗಿದ್ದ ವಾಹನದಲ್ಲೇ ಸುಟ್ಟು ಕೊಂದರು. ಕೊಂದವರನ್ನು ಕ್ಷಮಿಸಿದ್ದೇನೆ ಅಂದರು ಗ್ಲಾಡಿಸ್. ಹಾಗಂದು ಹೊರಟುಹೋಗಲಿಲ್ಲ. ಮಗಳ ಜೊತೆ ಅಲ್ಲೇ ಇದ್ದು ಆ ರೋಗಿಗಳ ಕೆಲಸ ಮುಂದುವರಿಸಿ, 2004ರಲ್ಲಿ ಆಸ್ಟ್ರೇಲಿಯಾಕ್ಕೆ ಮರಳಿದರು. ಮರುವರ್ಷ ಅವರಿಗೆ ಪದ್ಮಶ್ರೀ ಬಂತು. ಅತ್ತ ಮೊಕದ್ದಮೆ ತನ್ನ ಪಾಡಿಗೆ ನಡೆಯಿತು. ಮುಖ್ಯ ಆರೋಪಿಯ ಜೀವಾವಧಿ ಶಿಕ್ಷೆಯನ್ನು ಸುಪ್ರೀಂ ಕೋರ್ಟ್ 2011ರಲ್ಲಿ ಎತ್ತಿಹಿಡಿಯಿತು. ಅವರು ಕ್ಷಮಿಸಿದರು ಅಂತ ಕೋರ್ಟು ಬಾಗಿಲು ಹಾಕಲಿಲ್ಲ, ಹಾಕಬೇಕಾಗಿಯೂ ಇರಲಿಲ್ಲ.

ಇಷ್ಟು ದೊಡ್ಡ ಕ್ಷಮೆ ನಮ್ಮಲ್ಲಿ ಹೆಚ್ಚಿನವರಿಂದ ಯಾರೂ ಕೇಳುವುದಿಲ್ಲ. ನಮಗೆ ಬರುವುದೆಲ್ಲ ನೂರು ದಿನಾರಿಯ ಪ್ರಕರಣಗಳು. ಆಸ್ತಿ ಪಾಲಾದಾಗ ಅಣ್ಣ ಆಡಿದ ಮಾತು. ಆಫೀಸಿನಲ್ಲಿ ನಮ್ಮ ಕೆಲಸಕ್ಕೆ ತನ್ನ ಹೆಸರು ಹಾಕಿಕೊಂಡವರು. ಮದುವೆಯಲ್ಲಿ ಕಂಡೂ ಕಾಣದ ಹಾಗೆ ಹೋದ ನೆಂಟರು. ಇವನ್ನು ಮರೆತಿದ್ದೇವೆ ಅಂತ ಹೇಳುತ್ತೇವೆ. ಆದರೆ ಜಗಳ ಶುರುವಾಗಲಿ, ತಾರೀಕು ಸಮೇತ ಹೊರಗೆ ಬರುತ್ತದೆ! ಪ್ರೀತಿ ಅಪಕಾರದ ಲೆಕ್ಕ ಇಟ್ಟುಕೊಳ್ಳುವುದಿಲ್ಲ ಅಂತ ಪೌಲ ಕೊರಿಂಥದವರಿಗೆ ಬರೆದದ್ದನ್ನು ಮದುವೆಗಳಲ್ಲಿ ಎಷ್ಟು ಚೆನ್ನಾಗಿ ಓದುತ್ತೇವೆ. ಅಡುಗೆಮನೆಯಲ್ಲಿ ಅದೇ ಲೆಕ್ಕದ ಪುಸ್ತಕ ತೆರೆಯುತ್ತೇವೆ. ಕ್ಷಮಿಸಿದ್ದು ನಿಜವೋ ಅಲ್ಲವೋ ಅನ್ನುವುದು ಕಣ್ಣೀರಿನಲ್ಲಿ ಗೊತ್ತಾಗುವುದಿಲ್ಲ. ಮುಂದಿನ ಜಗಳದಲ್ಲಿ ಹಳೆಯದನ್ನು ಎತ್ತಿ ಆಡಿ ಹಂಗಿಸಿದೆವೋ ಇಲ್ಲವೋ ಅನ್ನುವುದರಲ್ಲಿ ಗೊತ್ತಾಗುತ್ತದೆ.

ತಪ್ಪೊಪ್ಪಿಕೊಳ್ಳುವುದರಲ್ಲೂ ನಮ್ಮದು ಅರೆಮನಸ್ಸು. ಸಾರಿ, ಆದರೆ ನೀನೂ ಹಾಗೆ ಮಾಡಬಾರದಿತ್ತು ಅನ್ನುತ್ತೇವೆ. ಆದರೆ ಅನ್ನುವುದನ್ನು ನುಂಗಿಕೊಂಡು ಮೊದಲಿನ ಮಾತಿಗೇ ನಿಲ್ಲಿಸಿ ನೋಡಿ. ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗಾಗುತ್ತದೆ. ಮಕ್ಕಳ ಹತ್ತಿರ ಹೇಳುವುದು ಇನ್ನೂ ಕಷ್ಟ. ಅಪ್ಪ ಅಮ್ಮ ಕ್ಷಮೆ ಕೇಳಿದ್ದನ್ನು ಒಂದು ಸಲವೂ ನೋಡದೆ ಬೆಳೆದ ಮಕ್ಕಳಿಗೆ, ಆಮೇಲೆ ಕೃಪೆಯ ಪಾಠ ಎಷ್ಟು ಹೇಳಿದರೂ ತಲೆಗೆ ಹೋಗುವುದಿಲ್ಲ.

ಕ್ರೈಸ್ತ ಸಭೆಗಳದ್ದೂ ಇದೇ ಹಾಡು ಬಿಡಿ. 1054ರಲ್ಲಿ ರೋಮಿನವರೂ ಕಾನ್‌ಸ್ಟಾಂಟಿನೋಪಲಿನವರೂ ಒಬ್ಬರಿಗೊಬ್ಬರು ಬಹಿಷ್ಕಾರ ಹಾಕಿಕೊಂಡರು. ಅದನ್ನು ಎರಡೂ ಕಡೆಯವರು ಸೇರಿ ತೆಗೆದುಹಾಕಿದ್ದು 1965ರ ಡಿಸೆಂಬರ್ 7ರಂದು, ರೋಮಿನ ಪೋಪ್ ಆರನೇ ಪೌಲ್ ಮತ್ತು ಕಾನ್‌ಸ್ಟಾಂಟಿನೋಪಲಿನ ಧರ್ಮಗುರು ಪೇಟ್ರಿಯಾರ್ಕ್ ಅಥೆನಾಗೊರಸ್ ಅವರ ಕಾಲದಲ್ಲಿ. 911 ವರ್ಷ! ಅಣ್ಣತಮ್ಮಂದಿರ ಜಗಳ ಇದರ ಮುಂದೆ ಯಾವ ಲೆಕ್ಕ.

ಯೇಸುಸ್ವಾಮಿಯ ಬೆಟ್ಟದ ಪ್ರಸಂಗದಲ್ಲಿ ಒಂದು ಮಾತು ಬರುತ್ತದೆ. ನೀನು ಕಾಣಿಕೆಯನ್ನು ಯಜ್ಞವೇದಿಯ ಹತ್ತಿರ ತಂದಾಗ, ನಿನ್ನ ಸಹೋದರನಿಗೆ ನಿನ್ನ ಮೇಲೆ ಏನೋ ದೂರಿದೆ ಅಂತ ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಡು. ಮೊದಲು ಹೋಗಿ ಅವನ ಜೊತೆ ಒಂದಾಗು, ಆಮೇಲೆ ಬಂದು ಅರ್ಪಿಸು. ನಿನಗೆ ಅವನ ಮೇಲೆ ಕೋಪ ಇದ್ದರೆ ಅಂತಲ್ಲ, ಅವನಿಗೆ ನಿನ್ನ ಮೇಲೆ ಇದ್ದರೆ. ಇದನ್ನು ಹೇಳಿದ್ದು ಗಲಿಲಾಯದಲ್ಲಿ. ಯಜ್ಞವೇದಿ ಇದ್ದದ್ದು ಯೆರೂಸಲೇಮಿನಲ್ಲಿ, ನೂರು ಕಿಲೋಮೀಟರಿಗೂ ಆಚೆ. ಕೇಳುತ್ತಿದ್ದವರಿಗೆ ದಾರಿ ಗೊತ್ತಿತ್ತು. ದಿನಗಟ್ಟಲೆ ನಡೆದು, ಕಾಣಿಕೆಯ ಪ್ರಾಣಿಯನ್ನು ತಂದು, ಸರದಿಯಲ್ಲಿ ನಿಂತು, ಇನ್ನೇನು ಕೊಡಬೇಕು ಅನ್ನುವಾಗ ನೆನಪಾದರೆ? ಅಷ್ಟೂ ದಾರಿ ವಾಪಸ್ ನಡಿ ಅಂತ.

ನಮ್ಮ ಎಷ್ಟೋ ಸಭೆಗಳಲ್ಲಿ ಪ್ರಭುಭೋಜನಕ್ಕೆ, ಅಂದರೆ ರೊಟ್ಟಿ ದ್ರಾಕ್ಷಾರಸ ಹಂಚಿಕೊಳ್ಳುವ ಆಚರಣೆಗೆ ಮೊದಲು ಒಬ್ಬರಿಗೊಬ್ಬರು ಸಮಾಧಾನ ಹೇಳಿಕೊಳ್ಳುವ ಪದ್ಧತಿ ಇರುವುದು ಇದಕ್ಕೇ. ನಾವು ಪಕ್ಕದಲ್ಲಿ ಕೂತವರ ಕೈ ಕುಲುಕಿ ಮುಗಿಸುತ್ತೇವೆ. ಪಕ್ಕದಲ್ಲಿರುವವರು ಗಂಡನೋ ಹೆಂಡತಿಯೋ ಗೆಳೆಯರೋ ಆಗಿರುತ್ತಾರೆ. ಮಾತು ಬಿಟ್ಟವರು ಆಚೆ ಸಾಲಿನಲ್ಲಿ, ಬೇಕೆಂದೇ ದೂರ ನೋಡಿ ಕೂತಿರುತ್ತಾರೆ. ಮುಂದಿನ ಭಾನುವಾರ ಎದ್ದು ಆ ಸಾಲಿಗೆ ಹೋಗಿ. ನಾಲ್ಕು ಜನರ ಕಾಲು ದಾಟಬೇಕಾದೀತು, ಜನ ತಿರುಗಿ ನೋಡಿಯಾರು, ಆರಾಧನೆ ಐದು ನಿಮಿಷ ತಡವಾದೀತು. ಪಾದ್ರಿಗಳು ಬೇಜಾರು ಮಾಡಿಕೊಂಡರೆ ಮತ್ತಾಯ 5ನೇ ಅಧ್ಯಾಯ ತೋರಿಸಿ.

ನಮಸ್ಕಾರ.