ಮೊದಲು ನನ್ನ ಕಿವಿಗೆ

ಕೇಳುಗರಿಗೆ ನಮಸ್ಕಾರ.

ಡಿಜೆ ಎಂದರೆ ಕಿವಿಗಡಚಿಕ್ಕುವ ಸದ್ದು, ಮಿಣುಕು ದೀಪ, ನಡುರಾತ್ರಿಯ ಗದ್ದಲ ಎಂದೇ ಹಲವರ ಲೆಕ್ಕ. ಮನಸ್ಸಿಗೆ ದೊಡ್ಡ ಪೆಟ್ಟು ಬಿದ್ದವರು ಇದರಿಂದ ದೂರ ಇರಬೇಕಲ್ಲವೇ ಎಂದು ಯಾರಾದರೂ ಕೇಳಿದರೆ ಆ ಪ್ರಶ್ನೆಯಲ್ಲಿ ತಪ್ಪೇನೂ ಇಲ್ಲ. ಆದರೂ ಅಂಥ ಪೆಟ್ಟಿನ ನಂತರ ವರ್ಷಗಟ್ಟಲೆ ಡೆಕ್, ಅಂದರೆ ಡಿಜೆ ಹಾಡು ನುಡಿಸುವ ಯಂತ್ರ, ಮುಟ್ಟದೆ ಇದ್ದು, ಮತ್ತೆ ಅದರ ಮುಂದೆ ಹೋಗಿ ನಿಂತವರಿದ್ದಾರೆ. ನಾನೂ ಅವರಲ್ಲಿ ಒಬ್ಬಳು. ನನಗೆ ಏನಾಯಿತು ಎಂಬುದನ್ನು ಇವತ್ತು ಹೇಳುವುದಿಲ್ಲ. ಈ ಮಾತಿಗೆ ಅದು ಬೇಕಾಗಿಯೂ ಇಲ್ಲ. ಆ ಯಂತ್ರ ಯಾಕೆ ಕೆಲಸಕ್ಕೆ ಬರುತ್ತದೆ, ಎಲ್ಲಿ ಬರುವುದಿಲ್ಲ, ಅಷ್ಟನ್ನು ಹೇಳುತ್ತೇನೆ.

ಆಘಾತದ ನಂತರ ಕಾಡುವ ಪಿಟಿಎಸ್‌ಡಿ ಎಂಬ ಕಾಯಿಲೆ ಅಮೆರಿಕದ ಮನೋವೈದ್ಯರ ಅಧಿಕೃತ ಕೈಪಿಡಿಗೆ ಸೇರಿದ್ದು 1980ರಲ್ಲಿ. ಅದರ ಲಕ್ಷಣಗಳಲ್ಲಿ ಕೆಟ್ಟ ಕನಸು, ಬೇಡದ ನೆನಪು, ನಿದ್ದೆಗೇಡುಗಳ ಜೊತೆಗೆ ಇನ್ನೊಂದಿದೆ: ಸಣ್ಣ ಸದ್ದಿಗೂ ಬೆಚ್ಚಿಬೀಳುವುದು. ಎಲ್ಲೋ ಬಾಗಿಲು ಬಡಿದರೆ ಎದೆ ಝಲ್ಲೆನ್ನುತ್ತದೆ. ಒಮ್ಮೆ ಹೇಳದೆ ಕೇಳದೆ ಬಂದೆರಗಿದ್ದು ಮತ್ತೆ ಬಂದೀತೆಂದು ಮೈ ಹಗಲಿರುಳು ಕಾವಲು ಕೂತಿರುತ್ತದೆ. ಸದ್ದನ್ನೇ ಕಸುಬು ಮಾಡಿಕೊಂಡವರಿಗೆ ಇದು ಇಮ್ಮಡಿ ನಷ್ಟ. ಹೊಟ್ಟೆಯೊಳಗೆ ಖುಷಿ ಎಬ್ಬಿಸುತ್ತಿದ್ದ ಬೇಸ್, ಅಂದರೆ ಹಾಡಿನ ತಗ್ಗು ದನಿಯ ಗುಡುಗು, ಈಗ ಅಲ್ಲೇ ದಿಗಿಲು ಎಬ್ಬಿಸುತ್ತದೆ.

ಈಗ ಡಿಜೆಯ ಮೇಜನ್ನು ನೋಡಿ. ಎರಡು ಡೆಕ್, ನಡುವೆ ಎರಡರ ಸದ್ದನ್ನೂ ಬೆರೆಸುವ ಒಂದು ಮಿಕ್ಸರ್, ಕತ್ತಿನಲ್ಲಿ ಹೆಡ್‌ಫೋನ್. ಕೋಣೆಯಲ್ಲಿ ಒಂದು ಟ್ರ್ಯಾಕ್ ಓಡುತ್ತಿರುವಾಗ, ಮುಂದೆ ಬರಲಿರುವ ಟ್ರ್ಯಾಕನ್ನು ಡಿಜೆ ಹೆಡ್‌ಫೋನಿನಲ್ಲಿ ಕೇಳುತ್ತಿರುತ್ತಾರೆ. ಇದಕ್ಕೆ ಕ್ಯೂ ಮಾಡುವುದು ಎನ್ನುತ್ತೇವೆ. ಒಂದು ಕಿವಿ ಹೊರಗೆ, ಒಂದು ಕಿವಿ ಒಳಗೆ. ಎರಡೂ ಹೊಂದಿಕೊಂಡವು ಎಂದು ಖಾತ್ರಿಯಾದ ಮೇಲಷ್ಟೇ ಫೇಡರ್, ಅಂದರೆ ಸದ್ದು ಏರಿಸುವ ಜಾರುಗುಂಡಿ, ಮೇಲಕ್ಕೆ ಸರಿಯುವುದು. ಅಂದರೆ ನನ್ನ ಕಿವಿಗೆ ಮೊದಲು ಬೀಳದ ಒಂದೇ ಒಂದು ಸದ್ದೂ ಆ ಕೋಣೆಗೆ ಬರುವುದಿಲ್ಲ. ಸುಳಿವೇ ಕೊಡದೆ ಬಂದದ್ದರಿಂದ ಮುರಿದ ಮನಸ್ಸಿಗೆ ಇದು ಸಣ್ಣ ಸಂಗತಿಯಲ್ಲ.

ಸಂಗೀತ ಗಾಯ ಮಾಯಿಸುತ್ತದೆ ಎಂದು ಜನ ಸುಲಭವಾಗಿ ಹೇಳಿಬಿಡುತ್ತಾರೆ. ನನಗೆ ಆ ಮಾತಿನಲ್ಲಿ ಅಷ್ಟು ನಂಬಿಕೆಯಿಲ್ಲ. ಸುಮ್ಮನೆ ಕೇಳುತ್ತ ಕೂತರೆ ಹಾಡು ನಮ್ಮನ್ನು ತನಗೆ ಬೇಕಾದಲ್ಲಿಗೆ ಎಳೆದುಕೊಂಡು ಹೋಗುತ್ತದೆ, ಕೆಲವೊಮ್ಮೆ ಹೋಗಬಾರದ ಜಾಗಕ್ಕೇ. ಡೆಕ್ ಮುಂದೆ ನಿಂತಾಗ ಹಗ್ಗ ನನ್ನ ಕೈಯಲ್ಲಿರುತ್ತದೆ.

ಕೈಯಲ್ಲಿರುವುದು ಎಂದರೆ ಏನೆಂದು ಸ್ವಲ್ಪ ಬಿಡಿಸಿ ಹೇಳಬೇಕು. ನಿಮಿಷಕ್ಕೆ 120 ಬೀಟ್ ಇರುವ ಟ್ರ್ಯಾಕ್‌ನಲ್ಲಿ ಅರ್ಧ ಸೆಕೆಂಡಿಗೊಂದು ಬೀಟ್ ಬೀಳುತ್ತದೆ. ಕುಣಿತದ ಸಂಗೀತ ಹೆಚ್ಚಾಗಿ 32 ಬೀಟ್‌ಗಳ ಕಟ್ಟಿನಲ್ಲಿ ಸಾಗುತ್ತದೆ. ಹದಿನಾರು ಸೆಕೆಂಡಿಗೆ ಒಂದು ಕಟ್ಟು ಮುಗಿಯುತ್ತದೆ, ಏನಾದರೂ ಬದಲಾಗುವುದಿದ್ದರೆ ಬಹುಪಾಲು ಅಲ್ಲೇ ಬದಲಾಗುತ್ತದೆ. ಎಣಿಸುತ್ತಿರುವವರಿಗೆ ಅದು ಮೊದಲೇ ಗೊತ್ತು. ಇನ್ನೊಂದು ಡೆಕ್‌ನಲ್ಲಿ 121 ಬೀಟ್‌ನ ಟ್ರ್ಯಾಕ್ ಇದ್ದರೆ ಒಂದು ನಿಮಿಷದಲ್ಲಿ ಇಡೀ ಒಂದು ಬೀಟ್ ಮುಂದೆ ಹೋಗಿಬಿಡುತ್ತದೆ. ಎರಡೂ ಬೇರೆಯಾಗತೊಡಗಿದಾಗ ಕುದುರೆ ಓಡಿದ ಹಾಗೆ ಟಕಟಕ ಎನ್ನುತ್ತದೆ. ಆಗ ಡೆಕ್‌ನ ಮೇಲೆ ತಿರುಗುವ ತಟ್ಟೆಯ ಅಂಚಿಗೆ ಬೆರಳ ತುದಿ ಮೆಲ್ಲಗೆ ತಾಗಿಸಿದರೆ ಸಾಕು, ಮುಂದೆ ಓಡಿದ್ದು ಹಿಂದಕ್ಕೆ ಬಂದು ಜೊತೆಗೂಡುತ್ತದೆ. ತಪ್ಪಿದ್ದನ್ನು ಸರಿಪಡಿಸಬಹುದು, ತಪ್ಪಿದರೆ ಯಾರೂ ಸಾಯುವುದಿಲ್ಲ. ಇದನ್ನು ಬಾಯಲ್ಲಿ ಹೇಳಿದರೆ ಮೈ ನಂಬುವುದಿಲ್ಲ, ಬೆರಳು ಮಾಡಿ ತೋರಿಸಿದರೆ ನಿಧಾನಕ್ಕೆ ನಂಬುತ್ತದೆ.

ರೆಕಾರ್ಡ್ ತಿರುಗಿಸಿ ನುಡಿಸುವ ಹಳೆಯ ಟೆಕ್ನಿಕ್ಸ್ ಎಸ್‌ಎಲ್-1200 ಟರ್ನ್‌ಟೇಬಲ್ ನೋಡಿದವರಿಗೆ ಗೊತ್ತು, ಅದರ ತಟ್ಟೆಯ ಅಂಚಿನಲ್ಲಿ ಸಾಲು ಸಾಲು ಚುಕ್ಕೆಗಳಿವೆ. ಪಕ್ಕದ ಕೆಂಪು ದೀಪದ ಬೆಳಕಿನಲ್ಲಿ, ವೇಗ ಕರಾರುವಾಕ್ಕಾಗಿದ್ದಾಗ, ಒಂದು ಸಾಲಿನ ಚುಕ್ಕೆಗಳು ತಿರುಗುತ್ತಿದ್ದರೂ ನಿಂತುಬಿಟ್ಟಂತೆ ಕಾಣುತ್ತವೆ. ನಿದ್ದೆ ಬಾರದ ದಿನಗಳಲ್ಲಿ ನಾನು ಹಾಡೇ ಹಾಕದೆ ಆ ಚುಕ್ಕೆಗಳನ್ನು ನೋಡುತ್ತ ಕೂತದ್ದುಂಟು. ಹೊಸ ಯಂತ್ರಗಳಲ್ಲಿ ಸಿಂಕ್ ಎಂಬ ಗುಂಡಿಯಿದೆ, ಒತ್ತಿದರೆ ಬೀಟ್ ಹೊಂದಿಸುವ ಕೆಲಸವನ್ನು ಅದೇ ಮುಗಿಸುತ್ತದೆ. ವೃತ್ತಿಯವರು ಬಳಸಿದರೆ ನನ್ನ ತಕರಾರಿಲ್ಲ. ಚೇತರಿಸಿಕೊಳ್ಳಲು ಬಂದವರು ಮಾತ್ರ ಅದನ್ನು ಮುಟ್ಟದಿರುವುದೇ ವಾಸಿ. ನಮಗೆ ಬೇಕಾಗಿರುವುದೇ ಆ ಕೆಲಸ.

ಇನ್ನು ಲೂಪ್, ಅಂದರೆ ಹಾಡಿನ ಒಂದು ತುಣುಕನ್ನೇ ಮತ್ತೆ ಮತ್ತೆ ಓಡಿಸುವುದು. 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ, ತಂಗಿ ಏರ್ಪಡಿಸಿದ್ದ ಕೂಟದಲ್ಲಿ ಹಾಡು ಹಾಕಿದ ಡಿಜೆ ಕೂಲ್ ಹರ್ಕ್, ಒಂದೇ ರೆಕಾರ್ಡಿನ ಎರಡು ಪ್ರತಿ ಇಟ್ಟುಕೊಂಡು ಡ್ರಮ್ ಭಾಗವನ್ನಷ್ಟೇ ಮತ್ತೆ ಮತ್ತೆ ನುಡಿಸುವ ವಿದ್ಯೆಗೆ ಹೆಸರಾದವರು. ಹಿಪ್‌ಹಾಪ್ ಹುಟ್ಟಿದ್ದೇ ಅಲ್ಲಿ ಎನ್ನುತ್ತಾರೆ. ಇವತ್ತು ಆ ಕೆಲಸಕ್ಕೆ ಒಂದು ಗುಂಡಿ ಸಾಕು. ಮುಂದಿನ ಭಾಗಕ್ಕೆ ಹೋಗಲು ಧೈರ್ಯ ಸಾಲದಿದ್ದರೆ ಈ ಎಂಟು ಬೀಟ್‌ಗಳಲ್ಲೇ ಇನ್ನಷ್ಟು ಹೊತ್ತು ಇದ್ದುಬಿಡಬಹುದು. ಈ ಗುಂಡಿಯ ಬಗ್ಗೆ ನನಗೆ ದೂರಿಲ್ಲ.

ಇದನ್ನು ಚಿಕಿತ್ಸೆ ಎಂದು ಮಾತ್ರ ಕರೆಯಬೇಡಿ. ಪಿಟಿಎಸ್‌ಡಿಗೆ ಪರೀಕ್ಷಿಸಿ ಒಪ್ಪಿದ ಚಿಕಿತ್ಸೆಗಳಿವೆ. 2013ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿದವುಗಳಲ್ಲಿ ಇಎಂಡಿಆರ್ ಒಂದು. ಅದರಲ್ಲಿ ನೊಂದವರು ಹಳೆಯದನ್ನು ನೆನೆಯುತ್ತಲೇ, ಎದುರು ಕೂತ ಚಿಕಿತ್ಸಕರ ಬೆರಳು ಆಚೀಚೆ ಆಡುವುದನ್ನು ಕಣ್ಣಿನಿಂದ ಹಿಂಬಾಲಿಸುತ್ತಾರೆ. ಗಮನದ ಒಂದು ಪಾಲು ಅಂದಿನಲ್ಲಿ, ಒಂದು ಪಾಲು ಇಂದಿನಲ್ಲಿ. ಒಂದೇ ಕಿವಿಗೆ ಹೆಡ್‌ಫೋನ್ ಒತ್ತಿಕೊಂಡಾಗ ನನಗೆ ಅದು ನೆನಪಾಗುತ್ತದೆ, ಅಷ್ಟೇ. ವೈದ್ಯರ ಬಳಿ ಹೋಗುವುದನ್ನು ಡೆಕ್ ತಪ್ಪಿಸಬಾರದು.

ಡೇವಿಡ್ ಮಂಕೂಸೊ ಅವರ ಕಥೆ ಇಲ್ಲಿ ಹೇಳಲೇಬೇಕು. ಹುಟ್ಟಿದ ಕೆಲವೇ ದಿನಕ್ಕೆ ಅನಾಥಾಲಯ ಸೇರಿದ ಮಗು. ಅಲ್ಲಿ ಸಿಸ್ಟರ್ ಅಲಿಷಾ ಎಂಬ ಸನ್ಯಾಸಿನಿ ಬಲೂನು ಕಟ್ಟಿ, ರೆಕಾರ್ಡ್ ಹಾಕಿ ಮಕ್ಕಳನ್ನು ಕುಣಿಸುತ್ತಿದ್ದರು. ಆ ಮಗು ದೊಡ್ಡವನಾಗಿ 1970ರಲ್ಲಿ ನ್ಯೂಯಾರ್ಕಿನ ತನ್ನ ಮನೆಯಲ್ಲೇ ಸ್ನೇಹಿತರಿಗಾಗಿ ಕುಣಿತದ ಕೂಟ ಶುರುಮಾಡಿದ. ಅದೇ ಮುಂದೆ ದಿ ಲಾಫ್ಟ್ ಎಂದು ಹೆಸರಾಯಿತು. ಮದ್ಯ ಮಾರುತ್ತಿರಲಿಲ್ಲ, ಆದರೆ ಬಲೂನು ಇರುತ್ತಿತ್ತು. ತಮಾಷೆ ಏನೆಂದರೆ ಮಂಕೂಸೊ ಮುಂದೆ ಮಿಕ್ಸ್ ಮಾಡುವುದನ್ನೇ ಬಿಟ್ಟು, ಪ್ರತಿ ಹಾಡನ್ನೂ ಮೊದಲಿನಿಂದ ಕೊನೆಯವರೆಗೆ ಹಾಕತೊಡಗಿದರು. ನಾನು ಇಷ್ಟು ಹೊತ್ತು ಹೊಗಳಿದ ಕ್ಯೂ ವಿದ್ಯೆಗೆ ಇದು ಎದುರಾಡುತ್ತದೆ. ಆಡಲಿ ಬಿಡಿ.

ಮನೆಯಲ್ಲಿ ಡೆಕ್ ಮುಂದೆ ನಿಲ್ಲುವುದೇ ಬೇರೆ, ಕಸುಬಿಗೆ ಮರಳುವುದೇ ಬೇರೆ. ಎರಡನೆಯದಕ್ಕೆ ನಿದ್ದೆಯಿಲ್ಲದ ರಾತ್ರಿ, ಕುಡಿತ, ಅಪರಿಚಿತರ ನೂಕಾಟ ಎಲ್ಲವೂ ಅಂಟಿಕೊಂಡೇ ಬರುತ್ತವೆ. ಜಗತ್ತನ್ನೇ ಕುಣಿಸಿದ್ದ ಸ್ವೀಡನ್ನಿನ ಡಿಜೆ ಅವೀಚಿ 2016ರಲ್ಲಿ ಊರೂರು ಸುತ್ತುವ ಪ್ರದರ್ಶನಗಳನ್ನು ನಿಲ್ಲಿಸಿದರು. 2018ರಲ್ಲಿ ತೀರಿಕೊಂಡಾಗ ವಯಸ್ಸು 28. ಪೆಟ್ಟು ಬಿದ್ದದ್ದೇ ಅಂಥ ಒಂದು ಕ್ಲಬ್ಬಿನಲ್ಲಾಗಿದ್ದರೆ ಮತ್ತೆ ಅಲ್ಲಿಗೇ ಹೋಗಿ ಗೆಲ್ಲಬೇಕು ಎಂಬ ಹಟ ಯಾಕೆ ಬೇಕು? ಕಿವಿಯ ಮೇಲೂ ಕನಿಕರವಿರಲಿ. ಕೂಟಗಳ ಸದ್ದು ಸರಾಸರಿ 100 ಡೆಸಿಬೆಲ್ ದಾಟಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದೆ. ಮನೆಯಲ್ಲಿ ಅದರ ಹತ್ತಿರವೂ ಸುಳಿಯಬೇಕಿಲ್ಲ.

ಹಾಡುಗಳನ್ನು ಆರಿಸುವಾಗ ಆ ದಿನಗಳಿಗೆ ಅಂಟಿಕೊಂಡವನ್ನು ಬೇರೆ ಫೋಲ್ಡರಿನಲ್ಲಿಡಿ. ಅಳಿಸುವುದು ಬೇಡ, ತೆರೆಯುವ ಅವಸರವೂ ಬೇಡ.

ನಾಲ್ಕು ಜನರ ಮುಂದೆ ನುಡಿಸುವ ಆಸೆ ಮತ್ತೆ ಹುಟ್ಟಿದರೆ ಹಗಲು ಹೊತ್ತು ಆರಿಸಿಕೊಳ್ಳಿ, ಗೊತ್ತಿದ್ದವರನ್ನಷ್ಟೇ ಕರೆಯಿರಿ. ಬೆನ್ನಿಗೆ ಗೋಡೆ, ಕಣ್ಣಿಗೆ ಬಾಗಿಲು ಬೀಳುವಂತೆ ಮೇಜು ಹಾಕಿಸಿ. ಹಿಂದಿನಿಂದ ಬಂದು ಹೆಗಲು ತಟ್ಟಿ ಹಾಡು ಕೇಳಬೇಡಿ ಎಂದು ಮೊದಲೇ ಹೇಳಿಬಿಡಿ. ಮತ್ತೆ, ಶೌಚಕ್ಕೆ ಹೋಗಿಬರಲೆಂದು ಡಿಜೆಗಳು ಹತ್ತು ನಿಮಿಷದ ಒಂದು ಉದ್ದನೆಯ ಟ್ರ್ಯಾಕ್ ಇಟ್ಟುಕೊಂಡಿರುತ್ತಾರೆ. ನಿಮ್ಮ ಬಳಿಯೂ ಒಂದಿರಲಿ. ಎದೆ ಹೊಡೆದುಕೊಳ್ಳಲು ಶುರುವಾದರೆ ಅದನ್ನು ಹಾಕಿ ಹೊರಗೆ ಹೋಗಿ ನಿಲ್ಲಿ. ಯಾಕೆ ಹೋದಿರಿ ಎಂದು ಯಾರೂ ಕೇಳುವುದಿಲ್ಲ.