ಹೊಲ-ತೋಟದ ಪ್ಲಾಸ್ಟಿಕ್ಕು, ಹಾಸನದ ಅಚ್ಚು

ಕೇಳುಗರಿಗೆಲ್ಲ ನಮಸ್ಕಾರ.

ನಮ್ಮ ಹಾಸನ ಜಿಲ್ಲೆಯ ಹೊಲ-ತೋಟಗಳಿಗೆ ವರ್ಷಕ್ಕೆ ಏನೇನು ಪ್ಲಾಸ್ಟಿಕ್ ಸಾಮಾನು ಬೇಕು, ಒಮ್ಮೆ ಯೋಚಿಸಿ ನೋಡಿ. ಸಕಲೇಶಪುರ, ಬೇಲೂರಿನ ಕಡೆ ಕಾಫಿ ಸಸಿ ಎಬ್ಬಿಸಲು ಪಾಲಿಥೀನ್ ಕವರು. ಕಣದಲ್ಲಿ ಹರವಿದ ಕಾಫಿಯ ಮೇಲೆ ಅಕಾಲದ ಮಳೆ ಬಂದರೆ ಹೊದಿಸಲು ಟಾರ್ಪಾಲು. ಅರಸೀಕೆರೆ, ಚನ್ನರಾಯಪಟ್ಟಣದ ತೆಂಗಿನ ತೋಟಕ್ಕೆ ಡ್ರಿಪ್ ಪೈಪು. ಆಲೂಗಡ್ಡೆಗೆ ಬಲೆಚೀಲ, ತರಕಾರಿಗೆ ಕ್ರೇಟು, ಮನೆ ತಾರಸಿಗೆ ನೀರಿನ ಟ್ಯಾಂಕು. ಕೊಳ್ಳುವವರು ನಾವು, ತಯಾರಿಸುವವರು ಹೆಚ್ಚಾಗಿ ಬೇರೆ ಊರಿನವರು. ಈ ಸಾಮಾನುಗಳನ್ನು ಹಾಸನದಲ್ಲೇ ಮಾಡಬಹುದು, ಮಾಡಬೇಕು ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ. ಅದು ಹೇಗೆ ಸಾಧ್ಯ ಅನ್ನುವುದನ್ನು ಇವತ್ತು ನಿಮ್ಮ ಮುಂದಿಡುತ್ತೇನೆ.

ಕಚ್ಚಾ ಮಾಲು ದೂರವಿಲ್ಲ. ಮಂಗಳೂರಿನ ಎಂಆರ್‌ಪಿಎಲ್ ತೈಲ ಸಂಸ್ಕರಣಾಗಾರದಲ್ಲಿ 2015ರಿಂದ ಪಾಲಿಪ್ರೊಪಿಲೀನ್ ಅನ್ನುವ ಪ್ಲಾಸ್ಟಿಕ್ ತಯಾರಾಗುತ್ತಿದೆ. ಆ ಘಟಕದ ಸಾಮರ್ಥ್ಯ ವರ್ಷಕ್ಕೆ 4 ಲಕ್ಷ 40 ಸಾವಿರ ಟನ್. ಶಿರಾಡಿ ಘಾಟಿ ಹತ್ತಿದರೆ ಸಕಲೇಶಪುರ, ಅಲ್ಲಿಂದ ಮುಂದೆ ಹಾಸನ. ಮಳೆಗಾಲದಲ್ಲಿ ದೋಣಿಗಾಲ್ ಹತ್ತಿರ ಗುಡ್ಡ ಜರಿದು ರಸ್ತೆ ಬಂದ್ ಆಗುವುದು ನಮಗೆ ಗೊತ್ತಿರುವ ಸಂಗತಿಯೇ. ಹಾಗಾಗಿ ಕಾರ್ಖಾನೆ ಇಡುವವರು ಜೂನ್ ಹುಟ್ಟುವ ಮೊದಲೇ ಗೋದಾಮು ತುಂಬಿಕೊಂಡಿರಬೇಕು. ಅಷ್ಟು ಬಿಟ್ಟರೆ ಮಾಲಿನ ಚಿಂತೆ ದೊಡ್ಡದಲ್ಲ.

ಪಾಲಿಪ್ರೊಪಿಲೀನಿನಿಂದ ಮೊದಲು ಮಾಡಬೇಕಾದದ್ದು ಚೀಲ. ಕಾಳಿನ ರೂಪದ ಪ್ಲಾಸ್ಟಿಕ್ಕನ್ನು ಕರಗಿಸಿ, ಚಕ್ಕುಲಿ ಒರಳಿನಲ್ಲಿ ಹಿಟ್ಟು ಒತ್ತಿದ ಹಾಗೆ ತೆಳು ಹಾಳೆಯಾಗಿ ಒತ್ತುತ್ತಾರೆ. ಹಾಳೆಯನ್ನು ಸಣ್ಣ ಪಟ್ಟಿಗಳಾಗಿ ಸೀಳಿ, ಬಿಸಿಯಲ್ಲಿ ಎಳೆದು ಗಟ್ಟಿ ಮಾಡಿ, ಮಗ್ಗದಲ್ಲಿ ನೇಯುತ್ತಾರೆ. ಒತ್ತಾಗಿ ನೇಯ್ದರೆ ಗೊಬ್ಬರದ ಚೀಲ, ಬಿಡಿಬಿಡಿಯಾಗಿ ನೇಯ್ದರೆ ಆಲೂಗಡ್ಡೆಯ ಬಲೆಚೀಲ. ಮೇ ತಿಂಗಳಲ್ಲಿ ಹಾಸನದ ಮಾರುಕಟ್ಟೆಗೆ ಬಿತ್ತನೆ ಗಡ್ಡೆ ಜಲಂಧರ್‌ನಿಂದ ಬರುತ್ತದೆ. ಆ ಗಡ್ಡೆಯ ಬೆಳೆ ಕಿತ್ತು ತುಂಬುವ ಚೀಲವಾದರೂ ನಮ್ಮಲ್ಲಿ ನೇಯ್ದದ್ದಾಗಿರಲಿ. ಆಲೂಗಡ್ಡೆ ಮುಗಿದ ಮೇಲೆ ಶುಂಠಿ ಇದೆ. ಶುಂಠಿಯ ದರ ಕೂಗುವುದೇ 60 ಕೆ.ಜಿ. ಚೀಲದ ಲೆಕ್ಕದಲ್ಲಿ. ಒಂದು ಬೆಳೆ ಕೈಕೊಟ್ಟರೂ ಇನ್ನೊಂದು ಬೆಳೆ ಮಗ್ಗವನ್ನು ನಡೆಸುತ್ತದೆ.

ಟ್ಯಾಂಕು, ಕ್ರೇಟುಗಳ ವಿಷಯವೇ ಬೇರೆ. ಟೊಳ್ಳು ಸಾಮಾನನ್ನು ಲಾರಿಯಲ್ಲಿ ದೂರ ಸಾಗಿಸುವುದೆಂದರೆ ಗಾಳಿಗೆ ಬಾಡಿಗೆ ಕಟ್ಟಿದಂತೆ. ಒಂದು ಲಾರಿ ಪಾಲಿಥೀನ್ ಪುಡಿಯಿಂದ ಮಾಡಿದ ಟ್ಯಾಂಕುಗಳನ್ನು ತರಲು ಹಲವು ಲಾರಿ ಬೇಕು. ಅದಕ್ಕೇ ಇಂಥವನ್ನು ಬಳಸುವ ಊರಿನ ಹತ್ತಿರವೇ ಮಾಡುವುದು ಲಾಭ. ಟ್ಯಾಂಕಿನ ಅಚ್ಚು ಬರೀ ತಗಡಿನದು. ಒಳಗೆ ಪುಡಿ ಹಾಕಿ, ಒಲೆಯೊಳಗೆ ನಿಧಾನವಾಗಿ ತಿರುಗಿಸಿದರೆ ಗೋಡೆಗೆಲ್ಲ ಸಮನಾಗಿ ಅಂಟಿಕೊಳ್ಳುತ್ತದೆ. ಭಾರೀ ಒತ್ತಡದ ಯಂತ್ರ ಬೇಡ. ಹೊಸದಾಗಿ ಕೈಹಾಕುವವರಿಗೆ ಇದೇ ಒಳ್ಳೆಯ ದಾರಿ.

ಕ್ರೇಟು, ಡ್ರಿಪ್ಪಿನ ಜೋಡಣೆ ಸಾಮಾನು, ಮುಚ್ಚಳ, ಇವಕ್ಕೆ ಬೇಕಾದದ್ದು ಉಕ್ಕಿನ ಮೌಲ್ಡು, ಅಂದರೆ ಕರಗಿದ ಪ್ಲಾಸ್ಟಿಕ್ಕನ್ನು ಯಂತ್ರ ಒತ್ತಿ ತುಂಬುವ ಎರಡು ಭಾಗದ ಅಚ್ಚು. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಏಕೆಂದರೆ ಈ ಉದ್ಯಮದ ಜೀವ ಇರುವುದೇ ಇಲ್ಲಿ. ಬ್ಯಾಂಕಿನವರು ಕೇಳುವುದು ಯಂತ್ರದ ಬೆಲೆ. ಸಮಾರಂಭದಲ್ಲಿ ಪೂಜೆ ಮಾಡುವುದೂ ಯಂತ್ರಕ್ಕೆ. ಆದರೆ ದುಡ್ಡಿದ್ದರೆ ಯಂತ್ರವನ್ನು ಯಾರಾದರೂ ತರಬಹುದು. ಒಳ್ಳೆಯ ಮೌಲ್ಡು ಮಾಡಲು ಕಲಿತ ಕೈ ಬೇಕು. ಎರಡು ಭಾಗಗಳು ಕೂದಲೆಳೆಯಷ್ಟೂ ಸಂದಿಲ್ಲದೆ ಕೂರಬೇಕು, ಇಲ್ಲದಿದ್ದರೆ ಅಂಚಿನಲ್ಲಿ ಪ್ಲಾಸ್ಟಿಕ್ ಹೊರಚೆಲ್ಲುತ್ತದೆ. ಉಕ್ಕಿನೊಳಗೆ ತಣ್ಣೀರು ಹರಿಯುವ ರಂಧ್ರಗಳನ್ನು ಸರಿಯಾದ ಜಾಗದಲ್ಲಿ ಕೊರೆಯಬೇಕು. ಆ ರಂಧ್ರ ಸರಿಯಿದ್ದು 25 ಸೆಕೆಂಡಿಗೆ ಒಂದು ಸಾಮಾನು ತಣಿದು ಹೊರಬಿದ್ದರೆ ಗಂಟೆಗೆ 144 ಆಗುತ್ತದೆ. ತಣಿಯಲು 40 ಸೆಕೆಂಡು ಹಿಡಿದರೆ ಬರೀ 90. ಅದೇ ಯಂತ್ರ, ಅದೇ ಕರೆಂಟು, ಅದೇ ಸಂಬಳ. ಲಾಭ ನಷ್ಟ ತೀರ್ಮಾನವಾಗುವುದು ಅಲ್ಲಿ.

ಆ ವಿದ್ಯೆ ನಮ್ಮೂರಿನಲ್ಲೇ ಇದೆ. ಡೆನ್ಮಾರ್ಕ್ ಸರ್ಕಾರದ ನೆರವಿನಿಂದ 1972ರಲ್ಲಿ ಶುರುವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಜನ ಜಿಟಿಟಿಸಿ ಅಂತ ಕರೆಯುವ ಸಂಸ್ಥೆ, ಹಾಸನದಲ್ಲೂ ಒಂದು ಕೇಂದ್ರ ನಡೆಸುತ್ತಿದೆ. ಮೈಸೂರಿನಲ್ಲಿರುವ ಕೇಂದ್ರ ಸರ್ಕಾರದ ಪ್ಲಾಸ್ಟಿಕ್ ತರಬೇತಿ ಸಂಸ್ಥೆ ಸಿಪೆಟ್‌ನಲ್ಲಿ ಎಸ್ಸೆಸ್ಸೆಲ್ಸಿ ಆದವರಿಗೆ ಪ್ಲಾಸ್ಟಿಕ್ ತಂತ್ರಜ್ಞಾನದಲ್ಲೂ ಮೌಲ್ಡ್ ತಂತ್ರಜ್ಞಾನದಲ್ಲೂ 3 ವರ್ಷದ ಡಿಪ್ಲೊಮಾ ಇದೆ. ಅಲ್ಲೆಲ್ಲ ಕಲಿತ ನಮ್ಮ ಮಕ್ಕಳು ಪೀಣ್ಯಕ್ಕೆ, ಹೊಸೂರಿಗೆ ಬಸ್ಸು ಹತ್ತುತ್ತಾರೆ. ಅವರನ್ನು ದೂರಿ ಪ್ರಯೋಜನವಿಲ್ಲ. ಊರಿನಲ್ಲಿ ಮೌಲ್ಡ್ ಮಾಡುವ ಅಂಗಡಿ ಇಲ್ಲದೆ ಅವರು ಎಲ್ಲಿ ಕೂರಬೇಕು? ಹತ್ತು ಸಣ್ಣ ಕಾರ್ಖಾನೆಗಳಿಗೆ ಸೇರಿ ಒಂದು ಒಳ್ಳೆಯ ಮೌಲ್ಡ್ ಅಂಗಡಿ ನಿಂತರೆ ಸಾಕು, ರಿಪೇರಿಗೆ ಬೆಂಗಳೂರಿಗೆ ಹೊತ್ತುಕೊಂಡು ಹೋಗಿ ವಾರಗಟ್ಟಲೆ ಕಾಯುವುದು ತಪ್ಪುತ್ತದೆ.

ಕರೆಂಟಿನ ಮಾತೂ ಹೇಳಬೇಕು. ನಡುವೆ ವಿದ್ಯುತ್ ಹೋದರೆ ಯಂತ್ರದ ಬ್ಯಾರಲ್ಲಿನಲ್ಲಿ, ಅಂದರೆ ಪ್ಲಾಸ್ಟಿಕ್ ಕರಗಿಸುವ ಕೊಳವೆಯಲ್ಲಿ, ಕರಗಿದ್ದೆಲ್ಲ ಹೆಪ್ಪುಗಟ್ಟುತ್ತದೆ. ಪಿವಿಸಿ ಪೈಪಿನ ಘಟಕದಲ್ಲಾದರೆ ಇನ್ನೂ ಕಷ್ಟ: ನಿಂತ ಮಾಲು ಬಿಸಿಗೆ ಕರಕಲಾಗಿ, ಲೋಹ ತಿನ್ನುವ ಆಮ್ಲದ ಹೊಗೆ ಬಿಡುತ್ತದೆ. ಕೈಗಾರಿಕಾ ಪ್ರದೇಶಕ್ಕೆ ತಡೆಯಿಲ್ಲದ ಲೈನು ಕೇಳುವುದು ಉದ್ಯಮದ ಉಳಿವಿನ ಪ್ರಶ್ನೆ.

ಏನು ಮಾಡಬಾರದು ಅನ್ನುವುದನ್ನೂ ಸ್ಪಷ್ಟವಾಗಿ ಹೇಳುತ್ತೇನೆ. ಕ್ಯಾರಿಬ್ಯಾಗಿಗೆ ಹಣ ಹಾಕಬೇಡಿ. 2016ರಲ್ಲೇ ನಮ್ಮ ರಾಜ್ಯ ಅದನ್ನು ನಿಷೇಧಿಸಿತು. ಒಂದೇ ಸಲ ಬಳಸಿ ಎಸೆಯುವ ಲೋಟ, ತಟ್ಟೆ, ಚಮಚಗಳಿಗೆ ದೇಶದಾದ್ಯಂತ 2022ರ ಜುಲೈ 1ರಿಂದ ನಿಷೇಧ ಬಂತು. ಆ ಸಾಮಾನು ನಮ್ಮ ಚರಂಡಿ ಕಟ್ಟಿಕೊಳ್ಳುವಂತೆ ಮಾಡಿದೆ, ಹಸುಗಳ ಹೊಟ್ಟೆ ಸೇರಿದೆ. ನಾನು ಹೇಳುತ್ತಿರುವುದು ವರ್ಷಗಟ್ಟಲೆ ಬಾಳುವ ವಸ್ತುಗಳ ಮಾತು. ಬಾಳಬೇಕಾದರೆ ಗುಣಮಟ್ಟ ಬೇಕು. ಡ್ರಿಪ್ ಪೈಪಿಗೆ ನೂರಕ್ಕೆ ಎರಡೂವರೆಯಷ್ಟು ಇಂಗಾಲದ ಕಪ್ಪು ಪುಡಿ ಬೆರೆಸುವುದು ಬಣ್ಣಕ್ಕಲ್ಲ, ಬಿಸಿಲಿಗೆ ಸೀಳದಿರಲಿ ಎಂದು. ಅದರಲ್ಲಿ ಉಳಿಸಲು ಹೊರಟವರ ಪೈಪು ಬೇಗ ಬಿರಿಯುತ್ತದೆ, ರೈತ ಮತ್ತೆ ಆ ಅಂಗಡಿ ಮೆಟ್ಟಿಲು ಹತ್ತುವುದಿಲ್ಲ.

ಹಳೆಯದನ್ನು ವಾಪಸು ತರುವುದೂ ಕಾರ್ಖಾನೆಯ ಕೆಲಸವೇ ಆಗಬೇಕು. ಕಾಫಿ ಸಸಿ ನೆಡುವ ದಿನ ಕವರು ಹರಿದು ಗುಂಡಿಯ ಪಕ್ಕದಲ್ಲೇ ಬಿಡುತ್ತೇವೆ. ಮಳೆ ಅದನ್ನು ಹಳ್ಳಕ್ಕೆ, ಹೇಮಾವತಿಗೆ ಒಯ್ಯುತ್ತದೆ. ಆ ಕವರನ್ನು ಆರಿಸಿ, ಮಣ್ಣು ತೊಳೆದು, ಕರಗಿಸಿದರೆ ಮತ್ತೆ ಕಾಳಾಗುತ್ತದೆ. ಹಳೆಯ ಡ್ರಿಪ್ ಪೈಪು ಈಗಲೂ ಗುಜರಿಗೆ ಹೋಗುತ್ತದೆ, ಆದರೆ ಅದರ ಮೌಲ್ಯ ಜಿಲ್ಲೆಯಲ್ಲಿ ಉಳಿಯುವುದಿಲ್ಲ. ಹೊಸ ಪೈಪು ಮಾರುವಾಗಲೇ ಹಳೆಯದನ್ನು ತೂಕಕ್ಕೆ ಹಿಡಿಯುವ ಪದ್ಧತಿ ಬಂದರೆ ಎರಡೂ ಕಡೆ ಅನುಕೂಲ.

ಸಾಲಕ್ಕೆ ದಾರಿಯಿದೆ. ಪ್ರಧಾನಮಂತ್ರಿ ಉದ್ಯೋಗ ಸೃಜನ ಯೋಜನೆಯಲ್ಲಿ ತಯಾರಿಕಾ ಘಟಕಕ್ಕೆ 50 ಲಕ್ಷ ರೂಪಾಯಿವರೆಗಿನ ಯೋಜನೆಗೆ ನೆರವುಂಟು. ಹಳ್ಳಿಯಲ್ಲಿ ಘಟಕ ಇಡುವ ಮಹಿಳೆಯರಿಗೆ, ಪರಿಶಿಷ್ಟರಿಗೆ, ಹಿಂದುಳಿದವರಿಗೆ ನೂರಕ್ಕೆ 35ರಷ್ಟು ಸಹಾಯಧನ. ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ವಿಚಾರಿಸಿ. ಆದರೆ ಸಾಲಕ್ಕಿಂತ ಕಷ್ಟದ್ದು ಮೊದಲ ಆರ್ಡರು. ಅದನ್ನು ಕೊಡಬೇಕಾದವರು ನಮ್ಮ ಸಹಕಾರ ಸಂಘಗಳು, ಬೆಳೆಗಾರರ ಸಂಘಗಳು. ಕಾಫಿ ನರ್ಸರಿಯವರು ಮಣ್ಣು ತುಂಬಲು ಕೂರುವುದು ಸಂಕ್ರಾಂತಿಯ ಆಚೆ. 9 ಇಂಚು ಉದ್ದ, 6 ಇಂಚು ಅಗಲದ ಆ ಕವರು ಊದಿ ಮಾಡುವುದು ಸಣ್ಣ ಯಂತ್ರದ ಕೆಲಸ. ನರ್ಸರಿ ಕವರಿಗೆ ನಿಷೇಧದಿಂದ ವಿನಾಯಿತಿ ಷರತ್ತಿನ ಮೇಲೆ ಇರುವುದರಿಂದ, ಆ ನಿಯಮ ಓದಿಕೊಂಡು, ಬೆಳೆಗಾರರೆಲ್ಲ ಸೇರಿ ದೀಪಾವಳಿಯ ಹೊತ್ತಿಗೆ ಒಟ್ಟು ಬೇಡಿಕೆ ಬರೆದುಕೊಡಲಿ. ಅಷ್ಟು ಕೈಯಲ್ಲಿದ್ದರೆ ಯಂತ್ರ ಇಡುವ ಯುವಕರು ಹಾಸನದಲ್ಲೇ ಸಿಗುತ್ತಾರೆ.

ನಮಸ್ಕಾರ.