ಕೇಳುಗರ ದುಡ್ಡಿನಲ್ಲಿ ನಿಂತ ಮರಿಲಿಯನ್

ಕೇಳುಗರಿಗೆ ನಮಸ್ಕಾರ.

1997ರಲ್ಲಿ ಇಂಗ್ಲೆಂಡಿನ ಒಂದು ರಾಕ್ ಬ್ಯಾಂಡು ತನ್ನ ಅಮೆರಿಕದ ಅಭಿಮಾನಿಗಳಿಗೆ ಬೇಸರದ ಸುದ್ದಿಯೊಂದನ್ನು ತಿಳಿಸಿತು. ಹೊಸ ಆಲ್ಬಂ ಹೊರಬಂದಿದೆ, ಆದರೆ ನಿಮ್ಮ ದೇಶಕ್ಕೆ ಬಂದು ಹಾಡುವುದು ನಮ್ಮಿಂದಾಗದ ಮಾತು. ಬಂದರೆ ಕೈಯಿಂದಲೇ ಸಾವಿರಾರು ಡಾಲರ್ ಹೋಗುತ್ತದೆ, ಆ ನಷ್ಟ ತುಂಬಿಕೊಡುವ ಕಂಪನಿ ನಮ್ಮ ಬೆನ್ನಿಗಿಲ್ಲ. ಬ್ಯಾಂಡಿನ ಹೆಸರು ಮರಿಲಿಯನ್. ಇದನ್ನು ಅಭಿಮಾನಿಗಳ ಇ-ಮೇಲ್ ಬಳಗಕ್ಕೆ ತಿಳಿಸಿದವರು ಕೀಬೋರ್ಡ್ ನುಡಿಸುವ ಮಾರ್ಕ್ ಕೆಲ್ಲಿ.

ಉತ್ತರವಾಗಿ ಬರಬೇಕಾದದ್ದು ನಾಲ್ಕು ಸಮಾಧಾನದ ಮಾತು. ಬಂದದ್ದು ದುಡ್ಡು. ಅಮೆರಿಕದ ಅಭಿಮಾನಿಗಳು ತಮ್ಮ ತಮ್ಮಲ್ಲೇ ಮಾತಾಡಿಕೊಂಡು, ಒಂದು ಬ್ಯಾಂಕ್ ಖಾತೆ ತೆರೆದು, ಯಾರ ಕೈಯಲ್ಲಿ ಎಷ್ಟಾಗುತ್ತದೋ ಅಷ್ಟು ಹಾಕುತ್ತಾ ಹೋದರು. ಹಾಗೆ ಕೂಡಿದ ಮೊತ್ತ ಸುಮಾರು 60,000 ಡಾಲರ್. ಬ್ಯಾಂಡಿನವರು ಇದನ್ನು ಕೇಳಿರಲೂ ಇಲ್ಲ, ನಡೆಸಲೂ ಇಲ್ಲ. ಪೂರ್ತಿ ಕೇಳುಗರದೇ ಕೆಲಸ. ಫೋನ್ ಲೈನಿಗೆ ಮೋಡೆಮ್ ಜೋಡಿಸಿಕೊಂಡು ಇಂಟರ್ನೆಟ್ ನೋಡುತ್ತಿದ್ದ ಕಾಲ ಅದು. ಮುಖ ಕಾಣದ ಜನ, ಮುಖ ಕಾಣದ ಇನ್ನೊಬ್ಬರ ಖಾತೆಗೆ, ಒಂದು ಸಂಗೀತ ಕಛೇರಿ ನಡೆದೀತೆಂಬ ನಂಬಿಕೆಯಿಂದ ಹಣ ಕಳಿಸಿದ್ದರು. ಆ ವರ್ಷ ಮರಿಲಿಯನ್ ಅಮೆರಿಕಕ್ಕೆ ಹೋಗಿ ಹಾಡಿ ಬಂತು.

ಇಂದಿನ ಮಾತು ಈ ಬ್ಯಾಂಡಿನ ನಾಲ್ಕು ದಶಕಗಳ ದಾರಿಯ ಬಗ್ಗೆ. ಸ್ವತಂತ್ರ ಬ್ಯಾಂಡು ಎಂದರೆ ಆರಂಭದಿಂದಲೂ ದೊಡ್ಡ ಕಂಪನಿಗಳಿಗೆ ಬೆನ್ನು ಹಾಕಿ ನಿಂತವರು ಎಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಬ್ರಿಟನ್ನಿನಲ್ಲಿ ಅಂಥವರೂ ಇದ್ದಾರೆ, ಅವರ ಕಥೆ ಬೇರೆ. ಮರಿಲಿಯನ್ ಪಾಲಿಗೆ ಸ್ವಾತಂತ್ರ್ಯ ಬಂದದ್ದು ನಡುವಯಸ್ಸಿನಲ್ಲಿ, ಕಂಪನಿ ಕೈಬಿಟ್ಟ ಮೇಲೆ. ನನಗೆ ಅವರ ಕಥೆ ಹೆಚ್ಚು ಮುಖ್ಯವಾಗಿ ಕಾಣುವುದು ಅದಕ್ಕಾಗಿಯೇ.

ಲಂಡನ್ನಿನ ವಾಯವ್ಯಕ್ಕೆ, ಬಕಿಂಗ್‌ಹ್ಯಾಮ್‌ಶೈರ್‌ನಲ್ಲಿ ಏಲ್ಸ್‌ಬರಿ ಎಂಬ ಸಂತೆಯ ಊರಿದೆ. ಬ್ಯಾಂಡು ಹುಟ್ಟಿದ್ದು 1979ರಲ್ಲಿ, ಬೆಳೆದದ್ದು ಈ ಊರಿನ ಸುತ್ತಮುತ್ತ. ಮೊದಲಿಗೆ ಇಂಗ್ಲಿಷ್ ಲೇಖಕ ಟೋಲ್ಕಿನ್ ಅವರ 'ಸಿಲ್ಮರಿಲಿಯನ್' ಎಂಬ ಪುಸ್ತಕದ ಹೆಸರನ್ನು ಇಟ್ಟುಕೊಂಡಿದ್ದರು, ಆಮೇಲೆ ಅದರ ತಲೆ ಕತ್ತರಿಸಿ ಮರಿಲಿಯನ್ ಎಂದು ಮಾಡಿಕೊಂಡರು. 1981ರಲ್ಲಿ ಸ್ಕಾಟ್ಲೆಂಡಿನ ಎತ್ತರದ ಆಳು ಡೆರೆಕ್ ಡಿಕ್ ಹಾಡುಗಾರನಾಗಿ ಬಂದ; ಲೋಕಕ್ಕೆ ಆತ ಗೊತ್ತಿರುವುದು ಫಿಶ್ ಎಂಬ ಹೆಸರಿನಿಂದ. 1982ರಲ್ಲಿ ಬಿಬಿಸಿಯ 'ರೇಡಿಯೊ 1' ವಾಹಿನಿಯಲ್ಲಿ ಟಾಮಿ ವಾನ್ಸ್ ನಡೆಸುತ್ತಿದ್ದ ಶುಕ್ರವಾರದ ರಾಕ್ ಕಾರ್ಯಕ್ರಮಕ್ಕೆ ಇವರ ಹಾಡುಗಳು ಧ್ವನಿಮುದ್ರಣವಾದವು. ಅದೇ ವರ್ಷ ಇಎಂಐ ಎಂಬ ದೊಡ್ಡ ಧ್ವನಿಮುದ್ರಣ ಕಂಪನಿ ಇವರ ಜೊತೆ ಒಪ್ಪಂದ ಮಾಡಿಕೊಂಡಿತು.

ಪಂಕ್ ಸಂಗೀತ ಬಂದು ಉದ್ದುದ್ದ ಹಾಡುಗಳನ್ನೆಲ್ಲ ಹಳೆಯ ಕಾಲದ್ದೆಂದು ಸರಿಸಿಟ್ಟಿದ್ದ ಹೊತ್ತು ಅದು. ಇವರೋ ಮೊದಲ ಬಿಡುಗಡೆಯ ತಟ್ಟೆಯ ಹಿಂಬದಿಯಲ್ಲೇ ಹದಿನೇಳು ನಿಮಿಷದ ಹಾಡೊಂದನ್ನು ಇಟ್ಟರು. ಪತ್ರಿಕೆಗಳು ಗೇಲಿ ಮಾಡಿದವು, ಜನ ಕೇಳಿದರು. 1985ರಲ್ಲಿ ಬರ್ಲಿನ್ನಿನ ಹಾನ್ಸಾ ಸ್ಟುಡಿಯೋದಲ್ಲಿ ಮುದ್ರಿಸಿದ 'ಮಿಸ್‌ಪ್ಲೇಸ್ಡ್ ಚೈಲ್ಡ್‌ಹುಡ್' ಬ್ರಿಟನ್ನಿನ ಆಲ್ಬಂ ಪಟ್ಟಿಯ ಮೊದಲ ಸ್ಥಾನಕ್ಕೇರಿತು. ಅದರ 'ಕೇಲೀ' ಹಾಡು ಎರಡನೆಯ ಸ್ಥಾನದವರೆಗೆ ಬಂತು. ಅದರ ಮೇಲಿದ್ದದ್ದು ಬ್ರಾಡ್‌ಫರ್ಡ್ ಫುಟ್‌ಬಾಲ್ ಮೈದಾನದ ಬೆಂಕಿ ದುರಂತದ ಸಂತ್ರಸ್ತರಿಗಾಗಿ ಹಲವು ಕಲಾವಿದರು ಸೇರಿ ಹಾಡಿದ ಹಾಡು. ಕೇಲೀ ಎಂದು ಹೆಣ್ಣುಮಕ್ಕಳಿಗೆ ಹೆಸರಿಡುವುದು ಬ್ರಿಟನ್ನಿನಲ್ಲಿ ಆಮೇಲೆ ಎಷ್ಟೋ ಹೆಚ್ಚಿತು.

1988ರಲ್ಲಿ ಫಿಶ್ ಹೊರಟುಹೋದ. ಕೊನೆಯಿಲ್ಲದ ಪ್ರವಾಸಗಳ ಆಯಾಸವಿತ್ತು, ವ್ಯವಹಾರ ನೋಡಿಕೊಳ್ಳುವವರ ಬಗ್ಗೆ ಭಿನ್ನಾಭಿಪ್ರಾಯವೂ ಇತ್ತು. ಬ್ಯಾಂಡಿನ ಮುಖವೇ ಹೋದಂತಾಯಿತು. ಅವನ ಜಾಗಕ್ಕೆ 1989ರಲ್ಲಿ ಬಂದವರು ಸ್ಟೀವ್ ಹೊಗಾರ್ತ್. ಹಿಂದಿನ ಎರಡು ಬ್ಯಾಂಡುಗಳು ಕೈಗೂಡದೆ, ಸಂಗೀತ ಬಿಟ್ಟು ಹಾಲು ಹಾಕುವ ಕೆಲಸಕ್ಕೆ ಸೇರಿಬಿಡೋಣವೆಂಬ ಯೋಚನೆಯಲ್ಲಿದ್ದ ಮನುಷ್ಯ. ತಾನು ಬರೆದಿಟ್ಟ ಸಾಲುಗಳು, ಕ್ಯಾಸೆಟ್ಟುಗಳು ಎಲ್ಲವನ್ನೂ ಕೆಂಪು ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ತುಂಬಿಕೊಂಡು ಬಂದರಂತೆ. ಉತ್ತರ ಐರ್ಲೆಂಡಿನ ನೋವನ್ನು ಕುರಿತ 'ಈಸ್ಟರ್' ಹಾಡು ಹೊಗಾರ್ತ್ ಅವರ ಮೊದಲ ಆಲ್ಬಂನಲ್ಲೇ ಬಂತು. ಆ ಹಾಡಿನ ನಡುವೆ ಸ್ಟೀವ್ ರಾದರಿ ನುಡಿಸುವ ಗಿಟಾರ್ ಕೇಳಿದರೆ, ಈ ಬ್ಯಾಂಡಿಗೆ ಒಂದಲ್ಲ ಎರಡು ಕಂಠಗಳಿವೆ ಅನ್ನಿಸುತ್ತದೆ.

ಇನ್ನು ರೇಡಿಯೊ ಕೇಳುಗರಿಗೆ ನಾನು ಹೇಳಲೇಬೇಕಾದ ಒಂದು ಸಂಗತಿ. ಹೊಗಾರ್ತ್ ಒಮ್ಮೆ ರೇಡಿಯೊದಲ್ಲಿ ಪೊಲೀಸರ ಮನವಿಯೊಂದನ್ನು ಕೇಳಿಸಿಕೊಂಡರು. ಇಂಗ್ಲೆಂಡನ್ನೂ ವೇಲ್ಸನ್ನೂ ಕೂಡಿಸುವ ಸೆವರ್ನ್ ಸೇತುವೆಯ ಮೇಲೆ ಯುವತಿಯೊಬ್ಬಳು ಒಬ್ಬಳೇ ಅಲೆಯುತ್ತಿದ್ದಳು. ಯಾರು, ಎಲ್ಲಿಯವಳು, ಏನು ಕೇಳಿದರೂ ಬಾಯಿ ಬಿಡುತ್ತಿಲ್ಲ. ಅವಳನ್ನು ಬಲ್ಲವರಿದ್ದರೆ ತಿಳಿಸಿ ಎಂದು ಪೊಲೀಸರು ಜನರನ್ನು ಕೇಳುತ್ತಿದ್ದರು. ಕೆಲವೇ ಕ್ಷಣಗಳ ಪ್ರಕಟಣೆ. ಹೊಗಾರ್ತ್ ಅದನ್ನು ಗುರುತು ಹಾಕಿಕೊಂಡರು. ಅದು ಅವರ ಮನಸ್ಸಿನಲ್ಲಿ ವರ್ಷಗಳ ಕಾಲ ಉಳಿದು, ಕೊನೆಗೆ 1994ರ 'ಬ್ರೇವ್' ಆಲ್ಬಂ ಆಯಿತು. ಫ್ರಾನ್ಸಿನ ಹಳೆಯ ಕೋಟೆಮನೆಯೊಂದರಲ್ಲಿ ವಾಸವಿದ್ದು, ಅಲ್ಲಿನ ಕಲ್ಲುಗೋಡೆಗಳ ಅನುರಣನವನ್ನೂ ಹಿಡಿದು ಮುದ್ರಿಸಿದರು. ಆ ಹುಡುಗಿ ಸೇತುವೆಯವರೆಗೆ ಬಂದದ್ದು ಹೇಗೆ, ಮನೆಯಲ್ಲಿ ಅವಳಿಗೆ ಏನಾಗಿರಬಹುದು, ಬೀದಿಯಲ್ಲಿ ಏನು ಕಂಡಿರಬಹುದು ಎಂದು ಊಹಿಸುತ್ತಾ ಸಾಗುವ, ಒಂದು ಗಂಟೆಗೂ ಮೀರಿದ ಒಂದೇ ಕಥನ ಅದು. ನನ್ನ ಮಟ್ಟಿಗೆ ಇವರ ಅತ್ಯಂತ ದೊಡ್ಡ ಕೃತಿ. ಮಾತಾಡಲಾರದ ಒಬ್ಬಳ ಪರವಾಗಿ ಮಾತಾಡುವ ಹೊಣೆಯನ್ನು ಅಷ್ಟು ಮೃದುವಾಗಿ ಹೊತ್ತ ರಾಕ್ ಆಲ್ಬಂ ನಾನು ಬೇರೆ ಕೇಳಿಲ್ಲ.

ಆದರೆ ಕಂಪನಿಯ ಲೆಕ್ಕಕ್ಕೆ ಅದು ಕಷ್ಟದ ಸರಕು. ಮುದ್ರಣಕ್ಕೆ ಬಹಳ ಕಾಲ, ಬಹಳ ಖರ್ಚು. ರೇಡಿಯೊದಲ್ಲಿ ದಿನಕ್ಕೆ ಹತ್ತು ಸಲ ಹಾಕುವಂಥ ಮೂರು ನಿಮಿಷದ ಹಾಡು ಅದರಲ್ಲಿ ಸಿಗುವುದಿಲ್ಲ. 1995ರಲ್ಲಿ ಇನ್ನೊಂದು ಆಲ್ಬಂ ಮಾಡಿಕೊಟ್ಟರು. ಅಷ್ಟಕ್ಕೆ ಇಎಂಐ ನಂಟು ಮುಗಿಯಿತು.

ಇಲ್ಲಿ ವ್ಯವಹಾರದ ಒಂದೆರಡು ಮಾತು ಹೇಳಬೇಕು, ಇಲ್ಲದಿದ್ದರೆ ಮುಂದಿನದರ ತೂಕ ತಿಳಿಯುವುದಿಲ್ಲ. ದೊಡ್ಡ ಕಂಪನಿ ಕಲಾವಿದರಿಗೆ ಮುಂಗಡ ಕೊಡುತ್ತದೆ. ಆ ಮುಂಗಡ, ಸಾಮಾನ್ಯವಾಗಿ ಮುದ್ರಣದ ಖರ್ಚೂ ಸೇರಿ, ಮಾರಾಟದಲ್ಲಿ ಕಲಾವಿದರಿಗೆ ಸಲ್ಲುವ ಪಾಲಿನಿಂದಲೇ ವಸೂಲಾಗಬೇಕು. ವಸೂಲಾಗುವವರೆಗೆ ಅವರ ಕೈಗೆ ಕಾಸು ಬರುವುದಿಲ್ಲ. ವಸೂಲಾದ ಮೇಲೂ ಮೂಲ ಮುದ್ರಿಕೆಯ ಒಡೆತನ ಕಂಪನಿಯದೇ. ಸಾಲ ತೀರಿಸಿದ ಮೇಲೂ ಹೊಲ ಸಾಹುಕಾರನ ಹೆಸರಿನಲ್ಲೇ ಉಳಿದ ಹಾಗೆ. ಹಾಡು ಯಾರಿಗೆ ಮುಟ್ಟಿತು, ಅದನ್ನು ಕೊಂಡವರು ಯಾವ ಊರಿನವರು ಎಂಬುದೂ ಕಲಾವಿದರಿಗೆ ತಿಳಿಯದು.

ಕ್ಯಾಸಲ್ ಎಂಬ ಚಿಕ್ಕ ಕಂಪನಿಯ ಜೊತೆ ಮೂರು ಆಲ್ಬಂಗಳ ಒಪ್ಪಂದವಾಯಿತು. ಹಣ ಕಡಿಮೆ, ಪ್ರಚಾರವೂ ಕಡಿಮೆ. ನಾನು ಆರಂಭದಲ್ಲಿ ಹೇಳಿದ ಅಮೆರಿಕದ ಘಟನೆ ನಡೆದದ್ದು ಈ ಕಾಲದಲ್ಲಿ. ಅದರಿಂದ ಬ್ಯಾಂಡಿನವರ ಕಣ್ಣು ತೆರೆಯಿತು ಎಂದೇ ಹೇಳಬೇಕು. ತಮ್ಮನ್ನು ಇಷ್ಟು ಪ್ರೀತಿಸುವ ಜನ ಎಲ್ಲಿದ್ದಾರೆ, ಅವರ ವಿಳಾಸವೇನು ಎಂಬುದನ್ನು ತಾವೇ ತಿಳಿದಿಟ್ಟುಕೊಳ್ಳಬೇಕೆಂದು ಅವರಿಗೆ ಹೊಳೆಯಿತು. ಬರೆದು ಕೇಳಿದವರಿಗೆ ಉಚಿತ ಸಿಡಿ ಕಳಿಸಿದರು, ಹೆಸರು ಮತ್ತು ಇ-ಮೇಲ್ ಗುರುತು ಹಾಕಿಕೊಂಡರು. 1999ರ ಆಲ್ಬಂಗೆ ತಮ್ಮ ಜಾಲತಾಣದ ವಿಳಾಸವನ್ನೇ ಹೆಸರಾಗಿ ಇಟ್ಟರು.

ಒಪ್ಪಂದ ಮುಗಿದ ಮೇಲೆ ಮತ್ತೊಂದು ಕಂಪನಿಯ ಬಾಗಿಲು ತಟ್ಟಬಹುದಿತ್ತು. ಅದರ ಬದಲು ಅವರು ಕೇಳುಗರಿಗೇ ಬರೆದು ಕೇಳಿದರು: ಇನ್ನೂ ಮಾಡದ ಆಲ್ಬಂ ಒಂದಕ್ಕೆ ನೀವು ಈಗಲೇ ಹಣ ಕೊಡುವಿರಾ? ಹಾಡು ಹೇಗಿರುತ್ತದೆ, ಎಷ್ಟಿರುತ್ತದೆ, ಏನೂ ಗೊತ್ತಿರಲಿಲ್ಲ. 12,000ಕ್ಕೂ ಹೆಚ್ಚು ಜನ ಮುಂಗಡವಾಗಿ ಹಣ ಕಟ್ಟಿದರು. ಆ ಹಣದಲ್ಲಿ 'ಅನೊರಾಕ್ನೊಫೋಬಿಯಾ' ತಯಾರಾಗಿ 2001ರಲ್ಲಿ ಬಿಡುಗಡೆಯಾಯಿತು. ಅಂಗಡಿಗಳಿಗೆ ತಲುಪಿಸುವ ಕೆಲಸಕ್ಕಷ್ಟೇ ಇಎಂಐ ಜೊತೆ ಒಪ್ಪಂದ. ಕೈಬಿಟ್ಟ ಕಂಪನಿಯೇ ಈಗ ಇವರ ಶರತ್ತಿಗೆ ಒಪ್ಪಿ ಸರಕು ಸಾಗಿಸುತ್ತಿತ್ತು. ಒಡೆತನ ಇವರದೇ.

ಕ್ರೌಡ್‌ಫಂಡಿಂಗ್ ಎಂದು, ಜನರಿಂದ ಹೀಗೆ ಹಣ ಕೂಡಿಸುವುದನ್ನು ಇಂದು ನಾವು ಮೊಬೈಲಿನಲ್ಲಿ ದಿನಾ ನೋಡುತ್ತೇವೆ. ಆ ದಾರಿಯನ್ನು ಜಗತ್ತಿಗೆಲ್ಲ ಪರಿಚಯಿಸಿದ ಕಿಕ್‌ಸ್ಟಾರ್ಟರ್ ಜಾಲತಾಣ ಆರಂಭವಾದದ್ದು 2009ರಲ್ಲಿ. ಏಲ್ಸ್‌ಬರಿಯ ಐವರು ಅದಕ್ಕೆ ಎಂಟು ವರ್ಷ ಮೊದಲೇ ಮಾಡಿ ತೋರಿಸಿದ್ದರು. ಸಂಗೀತದ ವ್ಯಾಪಾರವನ್ನೇ ಬದಲಿಸಿದ ಇವರಿಗೆ ಅದಕ್ಕೆ ತಕ್ಕ ಮನ್ನಣೆ ಸಿಕ್ಕಿಲ್ಲ ಎಂಬ ಕೊರಗು ನನಗಿದೆ. ಬ್ರಿಟಿಷ್ ಪತ್ರಿಕೆಗಳು ಇವರನ್ನು ಎಂಬತ್ತರ ದಶಕದ ಚಿತ್ರದೊಳಗೇ ಬಂಧಿಸಿಟ್ಟಿದ್ದವು. ಅದಕ್ಕಾಗಿಯೇ ಆ ಆಲ್ಬಂ ಹೊರಬಂದಾಗ ಬ್ಯಾಂಡು ವಿಮರ್ಶಕರಿಗೆ ಸವಾಲು ಹಾಕಿತು: ಫಿಶ್, ಜೆನೆಸಿಸ್, ಡೈನೊಸಾರ್ ಇಂಥ ಕೆಲವು ಪದಗಳನ್ನು ಬಳಸದೆ ನಮ್ಮ ಬಗ್ಗೆ ಬರೆಯಿರಿ ಎಂದು. ಜೆನೆಸಿಸ್ ಎಂದರೆ ಪತ್ರಿಕೆಗಳು ಇವರನ್ನು ಹೋಲಿಸುತ್ತಿದ್ದ ಹಳೆಯ ಬ್ಯಾಂಡು. ಸಂಗೀತವನ್ನು ಕೇಳಿ, ಆಮೇಲೆ ಬರೆಯಿರಿ ಎಂಬುದಷ್ಟೇ ಅದರ ಅರ್ಥ. ನ್ಯಾಯವಾದ ಬೇಡಿಕೆ.

2004ರ 'ಮಾರ್ಬಲ್ಸ್' ಆಲ್ಬಂಗೆ ಮತ್ತೆ ಮುಂಗಡ ಹಣ ಬಂತು. ಕೊಟ್ಟವರ ಹೆಸರುಗಳನ್ನೆಲ್ಲ ಅದರ ಜೊತೆಗಿನ ಪುಸ್ತಕದಲ್ಲಿ ಅಚ್ಚು ಹಾಕಿದರು. ಅದರ 'ಯು ಆರ್ ಗಾನ್' ಹಾಡು ಬ್ರಿಟಿಷ್ ಪಟ್ಟಿಯ ಏಳನೆಯ ಸ್ಥಾನಕ್ಕೆ ಬಂದಾಗ, ಮೊದಲ ಹತ್ತರೊಳಗೆ ಅವರು ಕಾಣಿಸಿಕೊಂಡು ಹದಿನೇಳು ವರ್ಷಗಳಾಗಿದ್ದವು.

ಪಟ್ಟಿಗಿಂತ ನನಗೆ ದೊಡ್ಡದಾಗಿ ಕಾಣುವುದು ಈ ಸ್ವಾತಂತ್ರ್ಯ ಅವರ ಸಂಗೀತಕ್ಕೆ ಮಾಡಿದ ಒಳಿತು. ಕೇಳುಗರು ಹಣ ಕೊಟ್ಟರು, ಆದರೆ ಇಂಥದ್ದೇ ಹಾಡು ಬೇಕೆಂದು ಹಟ ಹಿಡಿಯಲಿಲ್ಲ. ಇನ್ನೊಂದು 'ಕೇಲೀ' ಮಾಡಿಕೊಡಿ ಎನ್ನುವ ಅಧಿಕಾರಿ ಈಗ ಇಲ್ಲ. ಏಲ್ಸ್‌ಬರಿಯ ಹತ್ತಿರ ರ್‍ಯಾಕೆಟ್ ಕ್ಲಬ್ ಎಂಬ ತಮ್ಮದೇ ಸ್ಟುಡಿಯೋದಲ್ಲಿ ಐವರೂ ಗಂಟೆಗಟ್ಟಲೆ ಸುಮ್ಮನೆ ನುಡಿಸುತ್ತಾರೆ, ಎಲ್ಲವೂ ಮುದ್ರಣವಾಗುತ್ತದೆ, ಆಮೇಲೆ ಅದರಲ್ಲಿ ಜೀವವಿರುವ ತುಣುಕುಗಳನ್ನು ಆರಿಸಿ ಕಟ್ಟುತ್ತಾರೆ. ಬಾಡಿಗೆ ಸ್ಟುಡಿಯೋದಲ್ಲಿ ಇಷ್ಟು ನಿಧಾನ ಸಾಧ್ಯವಿಲ್ಲ. 2012ರ ಆಲ್ಬಂ ತೆರೆದುಕೊಳ್ಳುವುದೇ ಗಾಜಾದ ಮಕ್ಕಳನ್ನು ಕುರಿತ, ಹದಿನೇಳು ನಿಮಿಷಕ್ಕೂ ಉದ್ದದ ಹಾಡಿನಿಂದ. ಅದು ಎಲ್ಲರಿಗೂ ಹಿತವಾಗಲಿಲ್ಲ. ಆದರೆ ಹಾಡಬೇಕೆನಿಸಿದ್ದನ್ನು ಹಾಡಲು ಯಾರ ಸಹಿಗೂ ಕಾಯಬೇಕಾಗಿರಲಿಲ್ಲ. 2016ರ ಆಲ್ಬಂ ನಾಲ್ಕನೆಯ ಸ್ಥಾನ ಮುಟ್ಟಿತು, 2022ರಲ್ಲಿ ಬಂದ 'ಆ್ಯನ್ ಅವರ್ ಬಿಫೋರ್ ಇಟ್ಸ್ ಡಾರ್ಕ್' ಎರಡನೆಯದನ್ನು.

ಕೇಳುಗರ ಜೊತೆಗಿನ ನಂಟು ಅಂಚೆಯಲ್ಲಿ ಬರುವ ಸಿಡಿಗೆ ಮುಗಿಯುವುದಿಲ್ಲ. 2002ರಿಂದ ಇವರು ವಾರಾಂತ್ಯದ ಸಮ್ಮೇಳನಗಳನ್ನು ನಡೆಸುತ್ತಿದ್ದಾರೆ. ನೆದರ್ಲೆಂಡ್ಸ್‌ನ ಪೋರ್ಟ್ ಝೇಲಾಂಡ್ ಎಂಬ ಕಡಲತೀರದ ವಿಹಾರಧಾಮಕ್ಕೆ ಹಲವು ದೇಶಗಳಿಂದ ಜನ ಬಂದು ಸೇರುತ್ತಾರೆ, ಮೂರು ರಾತ್ರಿ ಮೂರು ಬೇರೆ ಬೇರೆ ಕಛೇರಿಗಳು. ಎಷ್ಟೋ ಸಲ ಒಂದು ಆಲ್ಬಂ ಅನ್ನು ಮೊದಲಿನಿಂದ ಕೊನೆಯವರೆಗೆ ಪೂರ್ತಿ ನುಡಿಸುತ್ತಾರೆ.

ಕೋವಿಡ್ ಕಾಲದಲ್ಲಿ ಈ ನಂಟಿಗೆ ಮತ್ತೊಂದು ಪರೀಕ್ಷೆ ಬಂತು. 2021ರ ನವೆಂಬರಿನಲ್ಲಿ ಬ್ರಿಟನ್ ಪ್ರವಾಸ ನಿಗದಿಯಾಗಿತ್ತು. ತಂಡದ ಒಬ್ಬರಿಗೆ ಸೋಂಕು ತಗುಲಿದರೂ ಕಛೇರಿಗಳೆಲ್ಲ ರದ್ದಾಗಿ ದೊಡ್ಡ ಸಾಲ ತಲೆಯ ಮೇಲೆ ಬೀಳುವ ಪರಿಸ್ಥಿತಿ. ಅಂಥ ನಷ್ಟಕ್ಕೆ ತಕ್ಕ ವಿಮೆ ಸಿಗಲಿಲ್ಲ. ಆಗ ಬ್ಯಾಂಡು ಮತ್ತೆ ಕೇಳುಗರನ್ನು ಕೇಳಿತು: 1,50,000 ಪೌಂಡಿನ ನಿಧಿಯೊಂದನ್ನು ಕೂಡಿಸೋಣ, ಬೇರೆಯಾಗಿ ಇಟ್ಟಿರೋಣ, ಪ್ರವಾಸ ಸುಸೂತ್ರವಾಗಿ ನಡೆದರೆ ನಿಮ್ಮ ಹಣ ನಿಮಗೇ ವಾಪಸು. ವಿಮಾ ಕಂಪನಿಗಳು ಹೊರಲು ಹಿಂಜರಿದ ಭಾರಕ್ಕೆ ಕೇಳುಗರು ಹೆಗಲು ಕೊಟ್ಟರು. ಮರುವರ್ಷದ ಆಲ್ಬಂನ ಕೊನೆಯ ಹಾಡು 'ಕೇರ್', ರೋಗಿಗಳ ಪಕ್ಕದಲ್ಲಿ ಹಗಲಿರುಳು ನಿಂತ ದಾದಿಯರಿಗೆ, ವೈದ್ಯರಿಗೆ ಕೃತಜ್ಞತೆ ಹೇಳುವ ಹಾಡು.

ಹೊಗಾರ್ತ್, ರಾದರಿ, ಕೆಲ್ಲಿ, ಬೇಸ್ ನುಡಿಸುವ ಪೀಟ್ ಟ್ರೆವಾವಸ್, ಡ್ರಮ್ಸ್ ನುಡಿಸುವ ಇಯಾನ್ ಮಾಸ್ಲಿ: 1989ರಿಂದ ಈ ಐವರಲ್ಲಿ ಒಬ್ಬರೂ ಬದಲಾಗಿಲ್ಲ.

ಇವರನ್ನು ಇದುವರೆಗೆ ಕೇಳದವರು ಮೊದಲು 'ಈಸ್ಟರ್' ಕೇಳಿ. ಹಿಡಿಸಿದರೆ ಬಿಡುವು ಮಾಡಿಕೊಂಡು 'ಬ್ರೇವ್' ಅನ್ನು ಪೂರ್ತಿ ಕೇಳಿ, ತುಂಡು ಮಾಡಬೇಡಿ. ಆಮೇಲೆ 'ಮಾರ್ಬಲ್ಸ್' ಆಲ್ಬಂನ ಕೊನೆಯ ಹಾಡು 'ನೆವರ್‌ಲ್ಯಾಂಡ್'. ಹನ್ನೆರಡು ನಿಮಿಷ ಹಿಡಿಯುತ್ತದೆ. ಸಾವಿರಾರು ಜನ ಕೇಳುವ ಮುನ್ನವೇ ಹಣ ಕಟ್ಟಿ ಕಾದಿದ್ದ ಹಾಡು ಅದು.

ನಮಸ್ಕಾರ.